ಅಕ್ಕನ ಬೈಗುಳಕ್ಕಾಗಿ ಸಮುದ್ರ ದಾಟಿದ್ದು

ಹೊರದೇಶದಲ್ಲಿರುವವರು ಊರಿಗೆ ಬರುವುದು ಬಂಧುಗಳನ್ನು ನೋಡಲು, ಹಲ್ಲು ಕಟ್ಟಿಸಿಕೊಳ್ಳಲು, ಇಲ್ಲವೇ ಅಲ್ಲಿ ಕೊಂಡ ಕೋಟನ್ನು ಇಲ್ಲಿ ತೋರಿಸಲು. ನಾನು ಹದಿನಾಲ್ಕು ವರ್ಷದ ಮೇಲೆ ವಿಮಾನ ಹತ್ತಿದ್ದು ನನ್ನ ಅಕ್ಕನ ಕೈಲಿ ಬೈಸಿಕೊಳ್ಳಲು.

ನಗಬೇಡಿ. ನಾನಿರುವ ದೇಶದಲ್ಲಿ ಯಾರೂ ಯಾರನ್ನೂ ಬೈಯುವುದಿಲ್ಲ. ನನ್ನ ಕೆಲಸ ಕನ್ನಡಕದ ಗಾಜು ಉಜ್ಜುವ ಕಾರ್ಖಾನೆಯಲ್ಲಿ. ಒಮ್ಮೆ, ಉಜ್ಜಿ ಮುಗಿಸಿದ ಗಾಜುಗಳ ಇಡೀ ತಟ್ಟೆಯನ್ನೇ ನೆಲಕ್ಕೆ ಕೆಡವಿದೆ. ಮೇಲ್ವಿಚಾರಕರು ಓಡಿ ಬಂದರು. ನಾನು ಕಣ್ಣು ಮುಚ್ಚಿ, ತಲೆ ತಗ್ಗಿಸಿ, ಆಶೀರ್ವಾದಕ್ಕೆ ನಿಂತವನಂತೆ ನಿಂತೆ. ಅವರು ಮೆಲ್ಲಗೆ, "ತಟ್ಟೆಯನ್ನು ಬೇರೆ ರೀತಿಯಲ್ಲಿ ಹಿಡಿಯುವ ಬಗ್ಗೆ ನೀವು ಯಾವಾಗಲಾದರೂ ಯೋಚಿಸಿದ್ದುಂಟೇ?" ಎಂದು ಕೇಳಿ, ನನಗೊಂದು ಲೋಟ ಚಹಾ ತಂದುಕೊಟ್ಟು ಹೋದರು. ಅದು ಬೈಗುಳವೋ ಬಡ್ತಿಯೋ ತಿಳಿಯದೆ ಒಂದು ವಾರ ನಿದ್ದೆಗೆಟ್ಟೆ. ಬೈದಿದ್ದರೆ ಅಲ್ಲಿಗೇ ಮುಗಿದುಹೋಗುತ್ತಿತ್ತು.

ಅಕ್ಕನ ವಿಷಯ ಹಾಗಲ್ಲ. ಆಕೆ ಬಸ್ ನಿಲ್ದಾಣದಲ್ಲಿ ಬಸ್ಸುಗಳು ಬರುವುದು ಹೋಗುವುದನ್ನು ಮೈಕಿನಲ್ಲಿ ಕೂಗಿ ಹೇಳುವ ಉದ್ಯೋಗಿ. ಮನೆಯಲ್ಲಿ ಮೈಕಿಲ್ಲ, ಅದರ ಅಗತ್ಯವೂ ಇಲ್ಲ. ಆಕೆಯ ಬೈಗುಳಕ್ಕೂ ಹೊರಡುವ ಸ್ಥಳ, ಮಾರ್ಗ, ಕೊನೆಯ ನಿಲ್ದಾಣ ಎಲ್ಲ ಇರುತ್ತಿದ್ದವು. ನಾನು ಹಾಕದೆ ಬಂದ ಬಾಗಿಲಿನಿಂದ ಹೊರಟು, ಬಾಚದ ತಲೆಯ ಮಾರ್ಗವಾಗಿ, ನನ್ನ ಒಟ್ಟು ಭವಿಷ್ಯದವರೆಗೆ! ಕಾರ್ಖಾನೆಯಲ್ಲಿ ಯಂತ್ರಗಳ ಗುಂಯ್ ಎನ್ನುವ ಸದ್ದಿನಲ್ಲಿ ಗಾಜು ಉಜ್ಜುತ್ತ ಕೂತಾಗ ಆ ದನಿ ಎಲ್ಲಿಂದಲೋ ತೇಲಿ ಬರುತ್ತಿತ್ತು. ಬೆಳಕಿಗೆ ಹಿಡಿದ ಗಾಜಿನೊಳಗೆ ನಮ್ಮ ಅಡುಗೆಮನೆ ಪುಟ್ಟದಾಗಿ, ತಲೆಕೆಳಗಾಗಿ ಕಾಣುತ್ತಿತ್ತು. ಅದರೊಳಗೆ ಅಕ್ಕ ಸೌಟು ಹಿಡಿದು ನಿಂತು "ಲೋ ಮಂಕೇ!" ಎನ್ನುತ್ತಿದ್ದಳು. ನನ್ನ ಕಣ್ಣು ಮಂಜಾಗುತ್ತಿತ್ತು. (ತಟ್ಟೆ ಬಿದ್ದದ್ದು ಆಗಲೇ.)

ಅಂತೂ ಬಂದೆವು, ನಾನೂ ನನ್ನ ಹೆಂಡತಿಯೂ. ಬಾಗಿಲು ತೆರೆದ ಅಕ್ಕನ ಕೂದಲು ಪೂರ್ತಿ ನೆರೆತಿತ್ತು. ನಾನು ಬೇಕೆಂದೇ ಕೆಸರು ಮೆತ್ತಿದ ಬೂಟುಗಾಲನ್ನು ಆಗಷ್ಟೇ ಒರೆಸಿದ ನೆಲದ ಮೇಲಿಟ್ಟು, ಉಸಿರು ಬಿಗಿಹಿಡಿದು ಕಾದೆ.

"ಬಾಪ್ಪ, ಒಳಗೆ ಬಾ. ಪ್ರಯಾಣ ಸುಖವಾಗಿತ್ತಾ?" ಎಂದಳು ಅಕ್ಕ.

ಬಾಪ್ಪ! ಈ ಮರ್ಯಾದೆ ಕೇಳಿ ನನ್ನ ಎದೆ ಧಸಕ್ಕೆಂದಿತು. ನನಗೆ ಚಿನ್ನದ ಅಂಚಿನ ಕಪ್ಪು ಬಂತು, ಮಡಿಕೆ ಬಿಚ್ಚದ ಟವೆಲ್ಲು ಬಂತು, ಭಾವ ಎದ್ದು ತಮ್ಮ ಕುರ್ಚಿ ಬಿಟ್ಟುಕೊಟ್ಟರು. (ಭಾವ ಮುಂದಿನ ಕೋಣೆಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಾರೆ. ಅವರು ಬಿಟ್ಟುಕೊಟ್ಟ ಕುರ್ಚಿಯಿಂದ ಏಳಬೇಕಾದರೆ ಪ್ಯಾಂಟನ್ನು ಅಂಟಿನಿಂದ ಬಿಡಿಸಿಕೊಂಡು ಏಳಬೇಕು.)

ಅಲ್ಲಿಂದ ಶುರುವಾಯಿತು ನನ್ನ ಮಂಪರಿನ ಕಾಲ. ದೇಹ ಬಂದಿಳಿದಿತ್ತು, ನಿದ್ದೆ ಮಾತ್ರ ಇನ್ನೂ ಸಮುದ್ರದ ಮೇಲೆ ಎಲ್ಲೋ ತೇಲುತ್ತಿತ್ತು. ಹಗಲೆಲ್ಲ ಮಲಗಿರುತ್ತಿದ್ದೆ. ಕಿಟಕಿಯ ಪರದೆ ಮೆಲ್ಲನೆ ಉಸಿರಾಡುತ್ತಿತ್ತು. ಬೀದಿಯ ಸೈಕಲ್ ಗಂಟೆ ನೀರಿನ ತಳದಿಂದ ಬಂದಂತೆ ಕೇಳಿಸುತ್ತಿತ್ತು. ನಾನು ಇಲ್ಲಿ ಮಲಗಿ ಅಲ್ಲಿಯ ಕನಸು ಕಾಣುತ್ತಿದ್ದೇನೋ, ಅಲ್ಲಿ ಕೂತು ಇಲ್ಲಿಯ ಕನಸು ಕಾಣುತ್ತಿದ್ದೇನೋ ಗೊತ್ತಾಗುತ್ತಿರಲಿಲ್ಲ. ಅಲ್ಲೂ ಬೈಯುವುದಿಲ್ಲ, ಇಲ್ಲೂ ಬೈಯುವುದಿಲ್ಲ ಎಂದಮೇಲೆ ಎಲ್ಲಿದ್ದೇನೆಂದು ಗುರುತು ಹಿಡಿಯುವುದಾದರೂ ಹೇಗೆ?

ಪ್ರಯತ್ನ ಬಿಡಲಿಲ್ಲ. ಒದ್ದೆ ಟವೆಲ್ಲನ್ನು ಹಾಸಿಗೆಯ ನಡುಮಧ್ಯೆ ಹರಡಿದೆ.

"ಇರಲಿ ಬಿಡು, ಅಲ್ಲಿ ಹಾಗೇ ರೂಢಿಯಾಗಿರತ್ತೆ ಪಾಪ," ಎಂದಳು ಅಕ್ಕ.

ಆಕೆಯ ಕಣ್ಣೆದುರೇ ಹಾಲಿನ ಪಾತ್ರೆಯನ್ನೆತ್ತಿ ಬಾಯಿಟ್ಟು ಗಟಗಟ ಕುಡಿದೆ. ಅಕ್ಕನ ತುಟಿ ಅದುರಿತು. ಬಂತು, ಬಂತು ಎಂದುಕೊಂಡೆ. ಆಕೆ ತಿರುಗಿ ಭಾವನಿಗೆ, "ಆ ದೇಶದಲ್ಲಿ ಲೋಟಕ್ಕೆ ಬಗ್ಗಿಸ್ಕೊಳ್ಳೋ ಪದ್ಧತಿ ಇಲ್ವೇನೋ ಕಣ್ರೀ," ಎಂದು ಪಿಸುಗುಟ್ಟಿದಳು. ನನ್ನಿಂದ ಒಂದು ಇಡೀ ದೇಶದ ಮಾನ ಹೋಯಿತೇ ಹೊರತು, ನನಗೊಂದು ಬೈಗುಳ ಹುಟ್ಟಲಿಲ್ಲ.

ಒಂದು ಮಧ್ಯಾಹ್ನ ಅರೆನಿದ್ದೆಯಲ್ಲಿ ಅದು ಕೇಳಿಸಿತು. ಅದೇ ದನಿ, ಅದೇ ಏರಿಳಿತ! "ಕಣ್ಣು ಎಲ್ಲಿ ಮಡಗಿದ್ರಿ? ಬುದ್ಧಿ ಅನ್ನೋದು ಒಂದು ಚೂರಾದ್ರೂ ಬೇಡ್ವಾ?" ಗಾಜಿನೊಳಗಿಂದ ಅಡುಗೆಮನೆ ನೆಟ್ಟಗೆ ಎದ್ದು ನಿಂತಂತಾಯಿತು. ನಾನು ಬರಿಗಾಲಲ್ಲಿ, ತೇಲುತ್ತ ಓಡಿದೆ. "ಬಂದೆ ಅಕ್ಕಾ! ನಾನೇ, ನಾನೇ ಮಾಡಿದ್ದು!"

ಅಡುಗೆಮನೆಯಲ್ಲಿ ಭಾವ ನಿಂತಿದ್ದರು. ಅವರ ಅಂಟಿನ ಕೈಗೆ ಬಾಗಿಲ ಪರದೆ ಪೂರ್ತಿ ಹತ್ತಿಕೊಂಡಿತ್ತು.

"ನಿನಗಲ್ಲಪ್ಪ ಅಂದಿದ್ದು," ಎಂದು ಅಕ್ಕ ದನಿ ಇಳಿಸಿದಳು. "ಜೋರಾಯ್ತಾ? ಹೋಗು, ಮಲಕ್ಕೋ."

ನನಗೆ ಭಾವನ ಮೇಲೆ ಹೊಟ್ಟೆಕಿಚ್ಚು ಬುಗ್ಗೆಂದಿತು. ತಡೆಯಲಾರದೆ ಕೇಳಿಯೇಬಿಟ್ಟೆ. "ಅಕ್ಕಾ, ನನ್ನನ್ನ ಯಾಕೆ ಬೈಯಲ್ಲ ನೀನು? ನಾನೇನು ಈ ಮನೆಯವನಲ್ವಾ?"

ಅಕ್ಕ, ನನ್ನ ಹಿಂದೆಯೇ ಓಡಿಬಂದಿದ್ದ ನನ್ನ ಹೆಂಡತಿಯ ಮುಖ ನೋಡಿದಳು. ನನ್ನ ಹೆಂಡತಿ ಫ್ಯಾನಿನ ಮುಖ ನೋಡಿದಳು.

"ಹೊರಡೋ ಮುಂಚೆ ಅತ್ತಿಗೆಗೆ ನಾನೇ ಫೋನಲ್ಲಿ ಹೇಳಿದ್ದೆ ರೀ."

"ಏನಂತ?"

"ನಿಮಗೆ ಜೋರು ಮಾತು ತಡಿಯಲ್ಲ ಅಂತ. ತಟ್ಟೆ ಬೀಳಿಸಿದ್ದಕ್ಕೆ ಚಹಾ ಕೊಟ್ಟರೇ ಒಂದು ವಾರ ನಿದ್ದೆ ಮಾಡದ ಮನುಷ್ಯ ನೀವು. ಇನ್ನು ಅತ್ತಿಗೆ ಬೈದರೆ ಉಳೀತೀರಾ?"

"ನಿನಗ್ಯಾರು ಹೇಳು ಅಂದಿದ್ದು?" ಎಂದು ನಾನು ಅರಚಿದೆ. ಹದಿನಾಲ್ಕು ವರ್ಷದಲ್ಲಿ ನನ್ನ ಗಂಟಲಿನಿಂದ ಹೊರಟ ಮೊದಲ ಗಟ್ಟಿ ಸದ್ದು. ನಾನೇ ಬೆಚ್ಚಿಬಿದ್ದೆ.

ಅಕ್ಕ ಸೌಟು ಕೆಳಗಿಟ್ಟಳು.

"ಲೋ ಮಂಕೇ! ಏನೋ ಅದು ದನಿ? ಯಾರ ಮೇಲೆ ಕೂಗಾಡ್ತಿದೀಯೋ? ಆ ಹುಡುಗಿ ನಿನ್ನ ಒಳ್ಳೇದಕ್ಕೆ ಹೇಳಿದ್ದು ಕಣೋ! ಹಾಸಿಗೆ ಮೇಲೆ ಒದ್ದೆ ಟವೆಲ್ ಹಾಕೋದು ಯಾವ ಸೀಮೆ ನಾಗರಿಕತೆ? ಪಾತ್ರೆಗೆ ಬಾಯಿ ಹಾಕೋಕೆ ನೀನೇನು ಬೆಕ್ಕಾ? ಆ ಹೊಟ್ಟೆ ನೋಡು, ಆ ತಲೆ ನೋಡು!"

ಆಹಾ! ನನ್ನ ಕಾಲು ನೆಲ ಬಿಟ್ಟು ಮೇಲೇರಿದಂತಾಯಿತು. ಪಾತ್ರೆಗಳು, ಕಿಟಕಿ, ಭಾವನ ಕೈಯ ಪರದೆ ಎಲ್ಲವೂ ಬೆಳಕಿನಲ್ಲಿ ತೇಲಾಡಿದವು. ಬಂದಿಳಿದೆ ಎಂದುಕೊಂಡೆ. ಬಸ್ಸು ಮಾತ್ರ ನಿಲ್ಲಲಿಲ್ಲ.

"ಹದಿನಾಲ್ಕು ವರ್ಷ! ಫೋನ್ ಮಾಡಿದ್ರೆ 'ಚೆನ್ನಾಗಿದೀಯಾ, ಚೆನ್ನಾಗಿದೀನಿ', ಅಷ್ಟೇ. ದಿನಾ ಅಲ್ಲಿ ಕೂತು ಯಾರ್ಯಾರದೋ ಬಸ್ ಬಂತು ಬಂತು ಅಂತ ಗಂಟಲು ಹರ್ಕೊಳ್ತೀನಲ್ಲ, ನಮ್ಮನೆಯವನೊಬ್ಬ ಇಳಿದನೇನೋ ಅಲ್ಲಿ?"

ಗಾಜಿನೊಳಗಿನ ಅಕ್ಕ ಎಂದೂ ಇಷ್ಟು ದೂರ ಬೈದಿರಲಿಲ್ಲ. ತಬ್ಬಿಕೊಳ್ಳಬೇಕಿತ್ತು, ಅತ್ತುಬಿಡಬೇಕಿತ್ತು. ಆದರೆ ಕಾರ್ಖಾನೆಯಲ್ಲಿ ಪಳಗಿದ ಈ ಹಾಳು ಬಾಯಿ ತಾನೇ ತೆರೆದುಕೊಂಡು, "ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ. ಇದರ ಬಗ್ಗೆ ಖಂಡಿತ ಯೋಚಿಸುತ್ತೇನೆ," ಎಂದಿತು.

ಆಮೇಲಿನದನ್ನು ಬರೆಯುವ ಶಕ್ತಿ ನನಗಿಲ್ಲ. ನೆರೆಮನೆಯವರು ಕಿಟಕಿ ಮುಚ್ಚಿಕೊಂಡರು ಎಂದಷ್ಟೇ ಹೇಳಬಲ್ಲೆ.

ಅಂದಿನಿಂದ ಬೆಳಿಗ್ಗೆ ಹಲ್ಲುಜ್ಜುವುದರಿಂದ ಹಿಡಿದು ದೀಪ ಆರಿಸುವವರೆಗೆ ತಡೆಯಿಲ್ಲದ ಸೇವೆ. ನಿದ್ದೆಯೂ ಸಮುದ್ರ ದಾಟಿ ಬಂದು ಸೇರಿತ್ತು, ಆದರೆ ಮಲಗಲು ಬಿಡುವವರಾರು? ಆಗ ತಿಳಿಯಿತು, ನನ್ನ ಚರ್ಮ ಅಲ್ಲಿಯ ಚಹಾದಲ್ಲಿ ನೆನೆದು ನೆನೆದು ಮೆತ್ತಗಾಗಿಬಿಟ್ಟಿದೆ. "ಸ್ವಲ್ಪ ಮೆತ್ತಗೆ ಹೇಳು ಅಂತ ಅಕ್ಕನಿಗೆ ಇನ್ನೊಂದು ಸಲ ಹೇಳೇ," ಎಂದು ಹೆಂಡತಿಯನ್ನು ಬೇಡಿಕೊಂಡೆ. ಅವಳು ಜನ್ಮದಲ್ಲಿ ಹೇಳುವುದಿಲ್ಲವೆಂದಳು.

ಕೊನೆಗೆ ಭಾವನ ಕೋಣೆಗೆ ನುಸುಳಿ ರಟ್ಟಿನ ರಾಶಿಯ ಹಿಂದೆ ಅಡಗಿ ಕೂತೆ. ಭಾವ ಸಿಳ್ಳೆ ಹಾಕುತ್ತ ಅಂಟು ಬಳಿಯುತ್ತಿದ್ದರು. ಮುಖದಲ್ಲಿ ಏನೋ ಹೊಸ ಕಳೆ.

"ಭಾವ, ಈಗ ಅಕ್ಕ ನಿಮ್ಮನ್ನ ಬೈಯೋದೇ ಇಲ್ವಲ್ಲ?"

"ಪಾಪ, ಅವಳಿಗೆ ಪುರಸೊತ್ತೆಲ್ಲಿ?" ಎಂದವರು ನನ್ನ ಹತ್ತಿರ ಬಗ್ಗಿ, ಪ್ರೀತಿಯಿಂದ ಹೆಗಲ ಮೇಲೆ ಕೈಯಿಟ್ಟರು. "ರಜೆ ಇನ್ನೊಂದು ತಿಂಗಳು ಮುಂದುವರಿಸ್ಕೋ ಮಾರಾಯ. ನೀನು ಬಂದ ಮೇಲೆ ಮನೆ ಎಷ್ಟು ಶಾಂತವಾಗಿದೆ ಗೊತ್ತಾ!"

ಅಷ್ಟರಲ್ಲಿ ಒಳಗಿನಿಂದ ಅಕ್ಕನ ದನಿ ಕೇಳಿಸಿತು. ನಾನು ಭಾವನಿಗೆ ಕೈಮುಗಿದೆ. ಅವರು ಹೆಗಲ ಮೇಲಿನ ಕೈಯನ್ನು ತೆಗೆಯದೆ, ಬಾಗಿಲ ಕಡೆ ತಿರುಗಿ ಕೂಗಿದರು:

"ಇಲ್ಲೇ ಇದ್ದಾನೆ ಕಣೇ, ಬಾ!"