ಭದ್ರಾವತಿಯವರು ಮೊಘಲ್ ತೋಟ ನೋಡಿದ್ದು

ನಮ್ಮ ಕ್ವಾರ್ಟರ್ಸಿನವರು ಭದ್ರಾವತಿ ಬಿಟ್ಟು ಹೊರಟರೆ ಏನಾದರೊಂದು ಆಗದೆ ವಾಪಸ್ ಬಂದದ್ದೇ ಇಲ್ಲ. ಸೋಗಾನೆಗೆ ಮದುವೆಗೆ ಹೋದಾಗಲೂ ಆಗಿದೆ, ಶಿವಮೊಗ್ಗಕ್ಕೆ ಸೀರೆ ತರಲು ಹೋದಾಗಲೂ ಆಗಿದೆ. ಹೀಗಿರುವಾಗ ದಿಲ್ಲಿಗೆ ಹೋದರೆ ಬಿಟ್ಟೀತೇ?

ತೊಂಬತ್ತರ ದಶಕದ ಕೊನೆಯ ಮಾತಿದು. ನನ್ನ ಗಂಡ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ನಾನು ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ ಹಿಂದಿ ಟೀಚರ್, ದಿನಾ ಬಸ್ಸಿನಲ್ಲಿ ಓಡಾಟ. ಪಕ್ಕದ ಮನೆಯಲ್ಲಿ ಅದೇ ಕಾರ್ಖಾನೆಯ ಫೋರ್‌ಮನ್ನು ಮತ್ತು ಅವರ ಹೆಂಡತಿ. ಮನೆಮಾತು ತಮಿಳು, ಜಗಳ ಮಾತ್ರ ಕನ್ನಡದಲ್ಲಿ. ಯಾಕೆಂದರೆ ಅವರ ಜಗಳವೆಲ್ಲ ನನ್ನ ಗಂಡನ ಜೊತೆಗೆ, ಅದೂ ಹೂವಿನ ವಿಷಯಕ್ಕೆ. ಇವರು ಡೇಲಿಯಾ ಬೆಳೆದರೆ ಅವರು ಅದಕ್ಕಿಂತ ದೊಡ್ಡ ಡೇಲಿಯಾ ಬೆಳೆಯಬೇಕು. ಅವರು ಗುಲಾಬಿ ಕುಂಡ ಜಗಲಿಗೆ ತಂದಿಟ್ಟರೆ ಇವರಿಗೆ ಅವತ್ತು ಊಟ ಸೇರುವುದಿಲ್ಲ.

ರಾಷ್ಟ್ರಪತಿಗಳ ಬಂಗಲೆಯ ಮೊಘಲ್ ತೋಟವನ್ನು ಫೆಬ್ರವರಿಯಲ್ಲಿ ಜನರಿಗೆ ತೆರೆಯುತ್ತಾರೆ ಅಂತ ಇಬ್ಬರೂ ಒಂದೇ ದಿನ ಪೇಪರಿನಲ್ಲಿ ಓದಿದರು. ಒಬ್ಬರು ಹೋದರೆ ಇನ್ನೊಬ್ಬರು ಬಿಡುವಂತಿಲ್ಲ. ಕಾರ್ಖಾನೆ ಕೊಡುವ ಪ್ರವಾಸದ ರಜೆಯನ್ನು ಇಬ್ಬರೂ ಒಟ್ಟಿಗೇ ಹಾಕಿದರು. ಕುಂಸಿಯಲ್ಲಿದ್ದ ನನ್ನ ಅತ್ತೆಗೆ ಸುದ್ದಿ ಹೇಗೆ ಮುಟ್ಟಿತೋ, ಗಂಟು ಕಟ್ಟಿಕೊಂಡು ಬಂದೇಬಿಟ್ಟರು. ಹಿಂದಿ ಬಲ್ಲವಳು ಅಂತ ದಂಡಿನ ನಾಯಕತ್ವ ನನ್ನ ತಲೆಗೆ ಬಂತು.

ಶುದ್ಧ ಹಿಂದಿ

ದಿಲ್ಲಿ ಸ್ಟೇಷನ್ನಿನ ಹೊರಗೆ ಆಟೋದವರು ಮುತ್ತಿಕೊಂಡರು. ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ, ಪರೀಕ್ಷೆಗಳನ್ನು ಪಾಸು ಮಾಡಿದ್ದೇನೆ, ಆದರೆ ಹಿಂದಿಯವರ ಜೊತೆ ಹಿಂದಿ ಮಾತಾಡಿದ್ದು ಅದೇ ಮೊದಲು. ಸೆರಗು ಸರಿಮಾಡಿಕೊಂಡು ಮುಂದೆ ಹೋದೆ. ನಾವು ದಕ್ಷಿಣ ಭಾರತದಿಂದ ಆಗಮಿಸಿದ ಯಾತ್ರಿಕರು, ನಮಗೆ ಒಂದು ಸ್ವಚ್ಛವಾದ ವಿಶ್ರಾಂತಿಗೃಹದ ಅವಶ್ಯಕತೆ ಇದೆ, ತಾವು ಎಷ್ಟು ಶುಲ್ಕ ಸ್ವೀಕರಿಸುವಿರಿ ಅಂತ ಪುಸ್ತಕದಲ್ಲಿ ಇದ್ದ ಹಾಗೆಯೇ, ಒಂದು ವ್ಯಾಕರಣದೋಷವೂ ಇಲ್ಲದೆ ಹೇಳಿದೆ.

ಗಲಾಟೆ ಒಮ್ಮೆಗೇ ನಿಂತಿತು. ಒಬ್ಬ ಇನ್ನೊಬ್ಬನನ್ನು ಕರೆದ. ಅವನು ಮತ್ತೊಬ್ಬನನ್ನು ಕರೆದ. ನಾನು ಮತ್ತೆ ಮೊದಲಿನಿಂದ ಹೇಳಿದೆ. ಎಲ್ಲರೂ ಪೂರ್ತಿ ಕೇಳಿದರು. ಕೊನೆಗೆ ಅವರಲ್ಲಿ ಹಿರಿಯನಾಗಿದ್ದ ಸರ್ದಾರ್ಜಿ ಎರಡೂ ಕೈ ಮುಗಿದು, "ಬೆಹನ್‌ಜೀ, ರೇಡಿಯೋ ಸಮಾಚಾರ ಮುಗಿದಿದ್ದರೆ ಎಲ್ಲಿಗೆ ಹೋಗಬೇಕು ಹೇಳಿ" ಅಂದ.

ಫೋರ್‌ಮನ್ನಿನ ಹೆಂಡತಿ ನಡುವೆ ನುಗ್ಗಿ "ಲಾಡ್ಜ್, ಲಾಡ್ಜ್" ಅಂದರು. ಆಟೋ ಹೊರಟಿತು.

ನನಗೆ ಅವಮಾನದಿಂದ ಮುಖ ಎತ್ತಲಾಗುತ್ತಿರಲಿಲ್ಲ. ಅತ್ತೆ ಮಾತ್ರ ದಾರಿಯುದ್ದಕ್ಕೂ ಮಗನಿಗೆ ಹೇಳುತ್ತಾ ಬಂದರು: "ನೋಡ್ದೇನೋ? ನನ್ನ ಸೊಸೆ ಬಾಯಿ ಬಿಟ್ರೆ ದಿಲ್ಲಿಯೋರೇ ಕೈ ಮುಗೀತಾರೆ."

ಸುಪಾರಿ

ಮೊಘಲ್ ತೋಟದ ಬಾಗಿಲಿನಲ್ಲಿ ಹನುಮಂತನ ಬಾಲದಂಥ ಕ್ಯೂ. ಚೀಲ, ಕ್ಯಾಮೆರಾ, ಬುತ್ತಿ ಏನನ್ನೂ ಒಳಗೆ ಬಿಡುವುದಿಲ್ಲ ಅಂದಿದ್ದಕ್ಕೆ ಎಲ್ಲವನ್ನೂ ಹೊರಗೆ ಕೊಟ್ಟು ನಿಂತೆವು. ಅತ್ತೆಯ ಸೊಂಟದಲ್ಲಿದ್ದ ಎಲೆ ಅಡಿಕೆ ಸಂಚಿಯನ್ನು ಅವರು ಚೀಲ ಅಂತ ಲೆಕ್ಕಕ್ಕೇ ಹಿಡಿದಿರಲಿಲ್ಲ. ಅದು ಅವರ ಮೈಯ ಒಂದು ಭಾಗ.

ತಪಾಸಣೆ ಮಾಡುತ್ತಿದ್ದ ಹೆಣ್ಣುಮಗಳ ಕೈಗೆ ಸಂಚಿಯಲ್ಲಿದ್ದ ಅಡಕತ್ತರಿ ಸಿಕ್ಕಿತು. ಹಳೇ ಕಾಲದ ಕಬ್ಬಿಣದ್ದು, ಗಿಣಿಯ ಕೊಕ್ಕಿನ ಹಾಗೆ ಬಾಗಿದ ಮೂತಿ, ಅಲಗು ಮಿರಿಮಿರಿ ಅನ್ನುತ್ತಿತ್ತು. ಅವಳು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಇದೇನು ಅಂತ ಕೇಳಿದಳು.

ಅಡಕತ್ತರಿಗೆ ಹಿಂದಿಯಲ್ಲಿ ಏನನ್ನುತ್ತಾರೆ? ನಾನು ಓದಿದ ಯಾವ ಪಾಠದಲ್ಲೂ ಅಡಕತ್ತರಿ ಬಂದಿರಲಿಲ್ಲ. ಅಡಿಕೆಗೆ ಸುಪಾರಿ ಅನ್ನುವುದು ಗೊತ್ತು. ಉಳಿದದ್ದನ್ನು ನಾನೇ ಜೋಡಿಸಿದೆ: "ಯಹ್ ಸುಪಾರಿ ಕಾ ಶಸ್ತ್ರ ಹೈ."

ಆಗ ಪೇಪರ್ ತೆಗೆದರೆ ಸಾಕು, ಮುಂಬೈಯಲ್ಲಿ ಸುಪಾರಿ ಕೊಟ್ಟು ಕೊಲೆ ಮಾಡಿಸಿದ ಸುದ್ದಿ. ಆ ಮಾತು ನನ್ನ ಬಾಯಿಂದ ಹೊರಗೆ ಬಿದ್ದ ಮೇಲೆ ಅದು ನೆನಪಾಯಿತು. ನಮ್ಮನ್ನು ಕ್ಯೂನಿಂದ ಪಕ್ಕಕ್ಕೆ ನಿಲ್ಲಿಸಿದರು. ಹಿಂತಿರುಗಿ ನೋಡಿದರೆ ನನ್ನ ಗಂಡನೂ ಫೋರ್‌ಮನ್ನೂ ನಾವು ಯಾರೋ ಎಂಬಂತೆ ಆಕಾಶ ನೋಡುತ್ತಿದ್ದಾರೆ. ಜೀವಮಾನದಲ್ಲಿ ಅವರಿಬ್ಬರೂ ಒಂದೇ ಅಭಿಪ್ರಾಯಕ್ಕೆ ಬಂದದ್ದು ಅದೊಂದೇ ಸಲ.

ದೊಡ್ಡ ಮೀಸೆಯ ಅಧಿಕಾರಿಯೊಬ್ಬರು ಬಂದರು. ಸಂಚಿ ಬಿಚ್ಚಿಸಿ ನೋಡಿದರು. ವೀಳ್ಯದೆಲೆ, ಸುಣ್ಣದ ಡಬ್ಬಿ, ಇಡೀ ಅಡಿಕೆ. ಅವರ ಮೀಸೆಯ ಕೆಳಗೆ ನಗು ಹರಡುವುದು ಕಂಡು ನನಗೆ ಹೋದ ಜೀವ ಬಂತು. ಅವರು ತಮಾಷೆಗೆ ಅತ್ತೆಯ ಕಡೆ ತಿರುಗಿ, ಗತ್ತಿನಿಂದ, "ಸುಪಾರಿ ಕಿಸ್‌ನೇ ದೀ?" ಅಂತ ಕೇಳಿದರು. ಸುಪಾರಿ ಕೊಟ್ಟವರು ಯಾರು ಅಂತ.

ಅತ್ತೆಗೆ ಅದರಲ್ಲಿ ಅರ್ಥವಾದದ್ದು ಸುಪಾರಿ ಒಂದೇ. ಎದೆ ಮುಟ್ಟಿಕೊಂಡು ನನಗೆ ಹೇಳಿದರು: "ಕೊಡೋಳು ನಾನೇ ಅನ್ನು. ಎಷ್ಟು ಬೇಕಂತೆ ಕೇಳು."

ರಾಷ್ಟ್ರಪತಿ ರಸಂ

ಒಳಗೆ ಹೋದ ಮೇಲೆ ಗಂಡಸರಿಬ್ಬರೂ ನಮ್ಮನ್ನು ಬಿಟ್ಟು ಮುಂದೆ ಓಡಿದರು. ಉದ್ದಕ್ಕೆ ಹರಿಯುವ ನೀರಿನ ಕಾಲುವೆ, ಕಮಲದ ಹಾಗೆ ಕೆತ್ತಿದ ಕಾರಂಜಿ, ಎರಡೂ ಕಡೆ ಸಾಲುಸಾಲು ಹೂವು. ಒಂದೊಂದು ಡೇಲಿಯಾ ಊಟದ ತಟ್ಟೆಯಷ್ಟು. ನನ್ನ ಗಂಡ ಸುಮಾರು ಹೊತ್ತು ನೋಡಿ, ನೀರು ಜಾಸ್ತಿ ಆಗಿದೆ ಅಂದರು. ಫೋರ್‌ಮನ್ನು ಬಿಸಿಲು ಕಮ್ಮಿ ಅಂದರು. ಅಷ್ಟು ಹೇಳಿ ಇಬ್ಬರೂ ನಿಟ್ಟುಸಿರು ಬಿಟ್ಟರು.

ಸ್ವಲ್ಪ ಮುಂದೆ ಹೋದ ಮೇಲೆ ಫೋರ್‌ಮನ್ನು ಹೆಜ್ಜೆಹೆಜ್ಜೆಗೂ ಬಗ್ಗಿ ಬೂಟಿನ ಲೇಸು ಕಟ್ಟುತ್ತಿರುವುದು ನನ್ನ ಕಣ್ಣಿಗೆ ಬಿತ್ತು. ಅವರು ಹಾಕಿಕೊಂಡಿದ್ದು ಹವಾಯಿ ಚಪ್ಪಲಿ. ಆಮೇಲೆ ಗೊತ್ತಾಯಿತು, ಒಣಗಿದ ಹೂವಿನಿಂದ ಉದುರಿದ ಬೀಜಗಳನ್ನು ಹೆಕ್ಕಿ ಕರ್ಚೀಫಿಗೆ ಸೇರಿಸುತ್ತಿದ್ದರು. ಕಾವಲಿನವನು ಸೀಟಿ ಊದಿದ. ಫೋರ್‌ಮನ್ನು ಎದ್ದು ನಿಂತು, ಯಾಕೋ ಏನೋ, ಅವನಿಗೊಂದು ಸೆಲ್ಯೂಟ್ ಹೊಡೆದರು. ಅವನೂ ತಿರುಗಿ ಹೊಡೆದ.

ಇದರ ಮುಕ್ತಾಯ ಭದ್ರಾವತಿಯಲ್ಲಿ ಆಯಿತು. ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಊರಿಗೆ ಬಂದವರೇ ಫೋರ್‌ಮನ್ನು ಅಂಗಳದಲ್ಲಿ ಮಡಿ ಮಾಡಿ, ಕರ್ಚೀಫಿಗೆ ಅಂಟಿಕೊಂಡಿದ್ದ ಬೀಜವನ್ನೆಲ್ಲ ಬಿಡಿಸಿ ಬಿತ್ತಿದರು. ಮೇಲೆ ಬಲೆ, ಸುತ್ತ ಮುಳ್ಳು. ರಾಷ್ಟ್ರಪತಿಗಳ ತೋಟದ ಹೂವು ನಮ್ಮ ಬೀದಿಯಲ್ಲಿ ಅರಳುತ್ತದೆ ಅಂತ ಕಾರ್ಖಾನೆಯ ಗೇಟಿನವರೆಗೂ ಸುದ್ದಿ ಹೋಯಿತು. ಶಿಫ್ಟು ಮುಗಿಸಿದವರು ಬಂದು ಇಣುಕಿ ಹೋಗುತ್ತಿದ್ದರು. ನನ್ನ ಗಂಡ ನಿದ್ದೆಗೆಟ್ಟರು. ಮೊಳಕೆ ಬಂತು, ಗಿಡ ಎದ್ದಿತು, ಹಳದಿ ಹೂವೂ ಬಿಟ್ಟಿತು. ಒಂದು ಬೆಳಿಗ್ಗೆ ಬೇಲಿಯ ಮೇಲಿಂದ ನೋಡಿದ ನನ್ನ ಗಂಡ ನಗುತ್ತಾ ಒಳಗೆ ಬಂದು ಕುರ್ಚಿಯಲ್ಲಿ ಕೂತವರು ಬಹಳ ಹೊತ್ತು ಏಳಲಿಲ್ಲ. ಗಿಡದ ತುಂಬ ಟೊಮೆಟೊ.

ಆಗಿದ್ದಿಷ್ಟೇ. ಅವರ ಹೆಂಡತಿ ದಿಲ್ಲಿಯ ಲಾಡ್ಜಿನಲ್ಲೇ ಆ ಕರ್ಚೀಫನ್ನು ಕಸ ಅಂತ ಕೊಡವಿ, ವಾಪಸ್ ಬರುವಾಗ ರೈಲಿನಲ್ಲಿ ಅರ್ಧ ಕುಯ್ದಿಟ್ಟ ಟೊಮೆಟೊ ಹಣ್ಣನ್ನು ಅದರಲ್ಲೇ ಕಟ್ಟಿಟ್ಟಿದ್ದರು.

ಆಯಮ್ಮ ಒಂಚೂರೂ ಬೇಜಾರು ಮಾಡಿಕೊಳ್ಳಲಿಲ್ಲ. ಆ ಹಣ್ಣಿನಲ್ಲಿ ಸಾರು ಮಾಡಿ ಬೀದಿಗೆಲ್ಲ ಹಂಚಿದರು. ನಮ್ಮ ಮನೆಗೆ ಪಾತ್ರೆ ತಂದವರು, "ತೊಗೊಳಿ ಟೀಚರ್, ರಾಷ್ಟ್ರಪತಿ ರಸಂ" ಅಂದರು.

ಇನ್ನು ಕೂತ್ಕೊಳ್ಳಿ

ಮಾರನೇ ದಿನ ಲೋದಿ ಗಾರ್ಡನ್ನಿಗೆ ಹೋದೆವು. ಇದು ಮೊಘಲರಿಗಿಂತ ಹಿಂದಿನವರದು ಅಂತ ನಾನು ವಿವರಿಸುತ್ತಿದ್ದೆ. ಅತ್ತೆಯ ಗಮನ ಗುಮ್ಮಟದ ಕಡೆ ಇರಲಿಲ್ಲ. ಅಲ್ಲಿ ಮರಕ್ಕೊಂದು ಜೋಡಿ ಕೂತಿತ್ತು. ಇವರಿಗೆಲ್ಲ ಮನೆ ಇಲ್ಲವಾ ಅಂತ ಅತ್ತೆ ಕೇಳಿದರು. ಇದೆ, ಆದರೆ ಮನೆಯಲ್ಲಿ ಹೇಳಿರುವುದಿಲ್ಲ ಅಂದೆ.

ನಾವು ನೀರು ಕುಡಿದು ಬರುವಷ್ಟರಲ್ಲಿ ಅತ್ತೆ ಒಂದು ಜೋಡಿಯ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದರು. ಹುಡುಗಿ ಪಾಪ, ದುಪಟ್ಟಾ ಮುಖಕ್ಕೆ ಎಳೆದುಕೊಂಡಿದ್ದಳು. ಹುಡುಗ ಓಡುವುದೋ ಇರುವುದೋ ಗೊತ್ತಾಗದೆ ಅರ್ಧ ಎದ್ದಿದ್ದ. ಅತ್ತೆ ನನ್ನನ್ನು ಕರೆದು, ಮದುವೆ ಆಗುತ್ತಾನೋ ಇಲ್ಲವೋ ಕೇಳು ಅಂದರು. ಬೇಡ ಅತ್ತೆ, ಬನ್ನಿ ಅಂದರೆ ಜಪ್ಪಯ್ಯ ಅಂದರೂ ಏಳಲಿಲ್ಲ. ನಾನು ಕ್ಷಮೆ ಕೇಳುತ್ತಲೇ ಕೇಳಿದೆ. ಹುಡುಗ, ಆಗುತ್ತೇನೆ ಅಂದ. ಹುಡುಗಿ ದುಪಟ್ಟಾ ತೆಗೆದು ಅವನನ್ನೇ ನೋಡಿದಳು. ಅವನು ಅಷ್ಟು ಸ್ಪಷ್ಟವಾಗಿ ಹೇಳಿದ್ದು ಅದೇ ಮೊದಲಿರಬೇಕು.

ಅತ್ತೆ ಸಂಚಿ ಬಿಚ್ಚಿ ಎರಡು ಎಲೆ, ಎರಡು ಅಡಿಕೆ ತೆಗೆದು, ಅವನ ಕೈಯಿಂದ ಅವಳಿಗೆ, ಅವಳ ಕೈಯಿಂದ ಅವನಿಗೆ ಕೊಡಿಸಿದರು. ಆಮೇಲೆ ಮಂಡಿ ಹಿಡಿದುಕೊಂಡು ಎದ್ದು, "ಈಗ ನಿಶ್ಚಯ ಆಯ್ತು. ಇನ್ನು ಎಷ್ಟೊತ್ತು ಬೇಕಾದ್ರೂ ಕೂತ್ಕೊಳ್ಳಿ" ಅಂದರು.

ನಾಲ್ಕು ದಿಕ್ಕೂ ಒಂದೇ

ಕೊನೆಯ ದಿನ ಹುಮಾಯೂನನ ಸಮಾಧಿ. ಸಂಜೆಗೆ ರೈಲು.

ಅದನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ನಡುವೆ ಎರಡಾಳಿಗಿಂತ ಎತ್ತರದ ಜಗತಿ, ಅದರ ಮೇಲೆ ಸಮಾಧಿ. ಸುತ್ತ ತೋಟ. ಮೊಘಲರು ತೋಟವನ್ನು ಚೌಕಕ್ಕೆ ಚೌಕ ಕೊಯ್ದು ಮಾಡಿದವರು. ಉತ್ತರಕ್ಕೆ ಒಂದು ಕಾಲುವೆ ಇದ್ದರೆ ದಕ್ಷಿಣಕ್ಕೂ ಒಂದು, ಪೂರ್ವಕ್ಕೆ ಒಂದು ಮೆಟ್ಟಿಲಿದ್ದರೆ ಪಶ್ಚಿಮಕ್ಕೂ ಒಂದು. ಯಾವ ಕಡೆ ನಿಂತರೂ ಇನ್ನೊಂದು ಕಡೆ ನಿಂತ ಹಾಗೇ ಕಾಣುತ್ತದೆ.

ಮೆಟ್ಟಿಲ ಹತ್ತಿರ ಕಾಲುವೆಯ ಕಟ್ಟೆಯ ಮೇಲೆ ಅತ್ತೆಯನ್ನು ಕೂರಿಸಿದೆವು. ಗಂಡಸರು ಗಿಡ ನೋಡಲು ಹೋದರು. ನಾನೂ ಫೋರ್‌ಮನ್ನಿನ ಹೆಂಡತಿಯೂ ಮೇಲೆ ಹತ್ತಿ ಸಮಾಧಿ ನೋಡಿ ಇಳಿದೆವು. ಕಾಲುವೆ ಇತ್ತು, ಕಟ್ಟೆ ಇತ್ತು, ಅತ್ತೆ ಇರಲಿಲ್ಲ.

ತಪ್ಪು ಕಡೆ ಇಳಿದಿದ್ದೇವೆ ಅಂತ ಗೊತ್ತಾಗಿ ಮೂಲೆ ತಿರುಗಿ ಇನ್ನೊಂದು ಕಡೆಗೆ ಹೋದೆವು. ಅಲ್ಲೂ ಕಾಲುವೆ, ಅಲ್ಲೂ ಕಟ್ಟೆ. ಅತ್ತೆ ಇಲ್ಲ. ಮತ್ತೊಂದು ಕಡೆ, ಅಲ್ಲೂ ಇಲ್ಲ. ಒಂದು ಸುತ್ತು ಪೂರ್ತಿ ಬಂದರೂ ಎಲ್ಲೂ ಇಲ್ಲ. ಮೊಬೈಲ್ ಇಲ್ಲದ ಕಾಲ. ಒಂದಕ್ಷರ ಹಿಂದಿ ಬಾರದ ಮುದುಕಿ, ಇಷ್ಟು ದೊಡ್ಡ ದಿಲ್ಲಿ. ಕಾವಲುಗಾರನನ್ನು ಕೇಳಿದರೆ, ಇಬ್ಬರು ಗಂಡಸರೂ ಒಬ್ಬ ಅಜ್ಜಿಯನ್ನೇ ಹುಡುಕುತ್ತಿದ್ದಾರೆ, ಈಗಷ್ಟೇ ಆ ಕಡೆ ತಿರುಗಿದರು ಅಂದ. ಸರಿ, ಅವರನ್ನಾದರೂ ಹಿಡಿಯೋಣ ಅಂತ ನಾವು ಓಡಿದೆವು. ಆಚೆ ಕಡೆ ಒಬ್ಬ ಮಾಲಿ ನನ್ನ ಗಂಡನಿಗೆ, ಇಬ್ಬರು ಹೆಂಗಸರು ಈಗಷ್ಟೇ ಮುಂದೆ ಹೋದರು ಅಂದನಂತೆ. ಅವರೂ ಓಡಿದರು. ನಾವು ಅವರ ಹಿಂದೆ, ಅವರು ನಮ್ಮ ಹಿಂದೆ, ನಡುವೆ ಹುಮಾಯೂನ.

ಹೀಗೆ ಎಷ್ಟು ಸುತ್ತು ಬಂದೆವೋ. ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ಸಿಕ್ಕರೆ ಸಾಕು ದೇವರೇ ಅಂತ ಜೋರಾಗಿಯೇ ಅನ್ನುತ್ತಾ ಓಡುತ್ತಿದ್ದೆ. ಆಗ ಫೋರ್‌ಮನ್ನಿನ ಹೆಂಡತಿ, "ಟೀಚರ್, ಉಲ್ಟಾ ಹೋದ್ರೆ ಎದುರಿಗೇ ಸಿಗ್ತಾರಲ್ವಾ" ಅಂದರು. ಹೌದಲ್ಲ ಅಂತ ಹಿಂದಕ್ಕೆ ತಿರುಗಿದೆವು. ಅದೇ ಹೊತ್ತಿಗೆ ಆಚೆ ಕಡೆ ಅವರ ಯಜಮಾನರಿಗೂ ಅದೇ ಬುದ್ಧಿ ಹೊಳೆದು ಅವರೂ ತಿರುಗಿದ್ದರು. ಗಂಡಹೆಂಡತಿ ಅಷ್ಟು ಒಂದೇ ಮನಸ್ಸಿನವರಾಗಿರಬಾರದು. ಮತ್ತೆ ಸುತ್ತು.

ಕೊನೆಗೆ ಆಯಮ್ಮನ ಚಪ್ಪಲಿ ಕಿತ್ತುಹೋಯಿತು. ಇನ್ನು ಒಂದು ಹೆಜ್ಜೆಯೂ ಇಡಲಾರೆ ಅಂತ ಮೂಲೆಯಲ್ಲಿ ಕುಸಿದರು. ನಾನೂ ಪಕ್ಕದಲ್ಲಿ ಕೂತು ಅಳತೊಡಗಿದೆ. ಸ್ವಲ್ಪ ಹೊತ್ತಿಗೆ ಗಂಡಸರಿಬ್ಬರೂ ಏದುಸಿರು ಬಿಡುತ್ತಾ ಮೂಲೆ ತಿರುಗಿ ಬಂದು ನಮ್ಮ ಮೇಲೇ ಬೀಳುವುದರಲ್ಲಿದ್ದರು. ಅಮ್ಮ ಎಲ್ಲಿ ಅಂತ ಇವರು ನನ್ನನ್ನು ಕೇಳಿದರು. ನಿಮ್ಮ ಜೊತೆ ಇಲ್ಲವಾ ಅಂತ ನಾನು ಕೇಳಿದೆ.

"ಮುಗೀತಾ?" ಅಂತ ತಲೆಯ ಮೇಲಿಂದ ಕೇಳಿಸಿತು.

ತಲೆ ಎತ್ತಿ ನೋಡಿದರೆ ಜಗತಿಯ ಮೂಲೆಯಲ್ಲಿ, ನೆರಳಲ್ಲಿ, ಅತ್ತೆ ಕಾಲು ಚಾಚಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಾರೆ. ಕೆಳಗೆ ಬಿಸಿಲು ಬಂತಂತೆ, ಮೇಲೆ ಹತ್ತಿದರಂತೆ. ಆ ಮೂಲೆಯಿಂದ ಎರಡೂ ಕಡೆಯ ದಾರಿ ಕಾಣುತ್ತದೆ. ಮೊದಲನೇ ಸುತ್ತಿನಿಂದಲೂ ಎಲ್ಲರನ್ನೂ ನೋಡುತ್ತಲೇ ಇದ್ದರು.

ನನ್ನ ಗಂಡನಿಗೆ ಸಿಟ್ಟು ನೆತ್ತಿಗೇರಿತು. ಕೂಗಬಾರದಿತ್ತಾ ಅಂತ ಕೇಳಿದರು.

"ಗದ್ದುಗೆ ಸುತ್ತ ಪ್ರದಕ್ಷಿಣೆ ಹಾಕೋರನ್ನ ಮಧ್ಯದಲ್ಲಿ ಕೂಗ್ತಾರೇನೋ?" ಅಂದರು ಅತ್ತೆ. "ನಡುವೆ ಅಪ್ರದಕ್ಷಿಣೆ ಶುರು ಮಾಡಿದ್ರಲ್ಲ, ಆಗೊಂದು ಸಲ ಕೂಗೋಣ ಅನ್ನಿಸ್ತು. ದೊಡ್ಡೋರ ಸಮಾಧಿ, ಇಲ್ಲಿನ ಪದ್ಧತಿ ಹೆಂಗೋ ಏನೋ ಅಂತ ಸುಮ್ನಾದೆ."

ಆಮೇಲೆ ನನ್ನ ಕಡೆ ನೋಡಿ ದನಿ ತಗ್ಗಿಸಿದರು. "ನೀನು ಅಳ್ತಾ ಸುತ್ತೋದು ನೋಡಿ, ಏನೋ ದೊಡ್ಡ ಹರಕೆ ಇರ್ಬೇಕು ಮಾರಾಯ್ತಿ ಅಂದ್ಕೊಂಡೆ. ಏನು ಅಂತ ನಾನು ಕೇಳಲ್ಲ. ಅದೇನೇ ಇರ್ಲಿ, ಈಡೇರಿಸಪ್ಪ ಅಂತ ನಾನೂ ಇಲ್ಲಿಂದ ಕೈ ಮುಗ್ದೆ."

ನಾನು ಸೆರಗಿನಿಂದ ಕಣ್ಣೊರೆಸಿಕೊಂಡು, "ಈಡೇರ್ತು ಅತ್ತೆ, ಇಳೀರಿ. ರೈಲಿಗೆ ಹೊತ್ತಾಯ್ತು" ಅಂದೆ.