ಇರಲಿ ಅಂತ ತರಿಸಿದ ಕುರ್ಚಿಗಳು

ಎಲ್ಲದಕ್ಕೂ ಕಾರಣ ಸರಪಳಿ ಮೇಷ್ಟ್ರ ಸಂಕೋಚ.

ಅವರಿಗೆ ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು. ಆದರೆ ಸಪ್ಲೈ ಚೈನ್ ಮ್ಯಾನೇಜ್‌ಮೆಂಟ್ ಎಂಬ ಹೊಸ ಕೋರ್ಸು ನಡೆಸಲು ಕಾಲೇಜಿಗೆ ಬಂದ ಮೊದಲ ವಾರವೇ ಸ್ಟಾಫ್ ರೂಮು ಆ ಹೆಸರನ್ನು ಅಟ್ಟಕ್ಕೆ ಹಾಕಿ, 'ಚೈನ್' ಅನ್ನು ಕನ್ನಡ ಮಾಡಿ ಸರಪಳಿ ಎಂದು ಅಂಟಿಸಿತು. "ಸಾಮಾನು ಕಾರ್ಖಾನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಹೇಗೆ ಹೋಗುತ್ತೆ ಅನ್ನೋದೇ ಈ ವಿಷಯ" ಎಂದು ಅವರು ವಿವರಿಸಿದಾಗ ಬ್ಯಾಂಕಿಂಗ್ ಮೇಷ್ಟ್ರು, "ಲಾರೀಲಿ ಹೋಗುತ್ತೆ. ಅದನ್ನ ಹೇಳೋಕೆ ಎರಡು ವರ್ಷ ಯಾಕ್ರೀ?" ಎಂದಿದ್ದರು.

ಆ ದಿನ ಬೆಳಿಗ್ಗೆ ಪ್ರಾಂಶುಪಾಲರು ಅವರನ್ನು ಕರೆಸಿದರು.

"ನೋಡಿ, ಮಧ್ಯಾಹ್ನ ವಿದ್ಯಾರ್ಥಿಗಳಿಗೆ ನಿಮ್ಮ ಕೋರ್ಸಿನ ಬಗ್ಗೆ ನಾಲ್ಕು ಬುದ್ಧಿಮಾತು ಹೇಳಿ. ಬ್ಯಾಂಕಿಂಗ್, ಜಾಹೀರಾತು, ನಿಮ್ಮದು, ಮೂರು ಹೊಸ ಕೋರ್ಸಿಗೂ ಇವತ್ತೇ ಹೆಸರು ಬರೆಸೋದು. ಸಂಜೆಯೊಳಗೆ ನಿಮ್ಮದಕ್ಕೆ ಹದಿನೈದು ಜನ ಹೆಸರು ಕೊಟ್ರೆ ಸರಿ. ಇಲ್ದಿದ್ರೆ ಕೋರ್ಸು ಬಂದ್. ನೀವು ಹಾಸ್ಟೆಲ್ ವಾರ್ಡನ್."

ಹಿಂದಿನ ವಾರ್ಡನ್‌ಗೆ ಹಾಸ್ಟೆಲಿಗೆ ಹೋಗುವಾಗ ತಲೆತುಂಬ ಕೂದಲಿತ್ತು, ಬರುವಾಗ ಟೋಪಿಯಿತ್ತು. ಅದಕ್ಕಿಂತ ಹೆಚ್ಚಾಗಿ, ವಾರ್ಡನ್ ಆದವರು ರಾತ್ರಿ ಅಲ್ಲೇ ಮಲಗಬೇಕು. ಮೇಷ್ಟ್ರ ಮದುವೆಯಾಗಿ ಇನ್ನೂ ಹೊಸದು. ಮನೆಯಲ್ಲಿ ಹೆಂಡತಿ ಪರದೆಗೆ ಬಣ್ಣ ಆರಿಸುತ್ತಿದ್ದಳು.

ಹೊರಗೆ ಬರುತ್ತಿದ್ದಂತೆ ಗುಮಾಸ್ತೆ ಅಡ್ಡ ನಿಂತ. "ಸರ್, ದೊಡ್ಡ ಹಾಲಿನ ಬೆಂಚೆಲ್ಲ ಪರೀಕ್ಷೆಗೆ ಹೋಗಿವೆ. ಕುರ್ಚಿ ಬಾಡಿಗೆಗೆ ತರಿಸ್ಬೇಕು. ಎಷ್ಟು ಜನ ಬರ್ತಾರೆ?"

ಇಪ್ಪತ್ತು ಜನ ಬಂದರೆ ಹೆಚ್ಚು ಎಂದು ಮೇಷ್ಟ್ರಿಗೆ ಗೊತ್ತಿತ್ತು. ಆದರೆ ಪಕ್ಕದಲ್ಲೇ ಬ್ಯಾಂಕಿಂಗ್ ಮೇಷ್ಟ್ರು ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದರು. ಅವರ ಮುಂದೆ ಇಪ್ಪತ್ತು ಎಂದು ಹೇಗೆ ಹೇಳುವುದು?

"ನಲವತ್ತು ಇರಲಿ" ಎಂದರು.

ಗುಮಾಸ್ತೆ ಅನುಭವಸ್ಥ. ಕಳೆದ ಸಲ ಕುರ್ಚಿ ಸಾಲದೆ ಬೈಸಿಕೊಂಡಿದ್ದ. ಉಪಪ್ರಾಂಶುಪಾಲರ ಬಳಿ ಹೋಗಿ ಎಂಬತ್ತು ಎಂದ. ಅವರು, ಅತಿಥಿಗಳು ಯಾರಾದರೂ ಬಂದರೆ ಮರ್ಯಾದೆ ಹೋಗಬಾರದೆಂದು ಅಂಗಡಿಗೆ ಫೋನ್ ಮಾಡಿ ನೂರೈವತ್ತು ಕೇಳಿದರು. ಅಂಗಡಿಯವನೋ, ಈ ಕಾಲೇಜಿನವರು ಕೊನೇ ಗಳಿಗೆಯಲ್ಲಿ ಮತ್ತೆ ಫೋನ್ ಮಾಡುವ ಗಿರಾಕಿಗಳು, ಎರಡನೇ ಸಲ ಲಾರಿ ಯಾಕೆ ಓಡಿಸಬೇಕು ಎಂದು ಮುನ್ನೂರು ತುಂಬಿಸಿಬಿಟ್ಟ.

ಮಧ್ಯಾಹ್ನ ಮೇಷ್ಟ್ರು ಭಾಷಣ ಬಾಯಿಪಾಠ ಮಾಡುತ್ತ ಬಂದರೆ ಹಾಲೇ ಕಾಣಲಿಲ್ಲ, ಬರೀ ಕೆಂಪು ಪ್ಲಾಸ್ಟಿಕ್. ಒಳಗೆ ತುಂಬಿ ಮಿಕ್ಕಿದ್ದನ್ನು ಮೊಗಸಾಲೆಯಲ್ಲಿ ಒಂದರ ಮೇಲೊಂದು ಪೇರಿಸಿದ್ದರು. ಮೆಟ್ಟಿಲ ಮೇಲೂ ಕುರ್ಚಿ, ತರಗತಿಗಳ ಬಾಗಿಲಿಗೂ ಕುರ್ಚಿ. ಪಾಠಕ್ಕೆ ಹೊರಟಿದ್ದ ಬ್ಯಾಂಕಿಂಗ್ ಮೇಷ್ಟ್ರು ಎರಡು ರಾಶಿಗಳ ನಡುವೆ ಸಿಕ್ಕಿಕೊಂಡು, "ಯಾರ್ರೀ ಇದನ್ನ ತರಿಸಿದ್ದು?" ಎಂದು ಕೂಗುತ್ತಿದ್ದರು.

"ನಾನಲ್ಲ" ಎಂದರು ಉಪಪ್ರಾಂಶುಪಾಲರು. "ನಾನಲ್ಲ" ಎಂದ ಗುಮಾಸ್ತೆ. ಎಲ್ಲರೂ ಸರಪಳಿ ಮೇಷ್ಟ್ರನ್ನು ನೋಡಿದರು.

"ನಾನು ಕೇಳಿದ್ದು ನಲವತ್ತು!" ಎಂದರು ಅವರು. ಉಳಿದವು ಎಲ್ಲಿಂದ ಹುಟ್ಟಿದವು ಎಂದು ಅವರಿಗೆ ನಿಜಕ್ಕೂ ತಿಳಿಯಲಿಲ್ಲ. ಕುರ್ಚಿಗಳೇನು ಮೊಲಗಳೇ, ಲಾರಿಯಲ್ಲಿ ಬರುವಾಗ ಮರಿ ಹಾಕಲು?

ಇನ್ನೊಂದು ಗೊಂದಲ ಕಾದಿತ್ತು. ದಾರಿ ಕಟ್ಟಿದ್ದರಿಂದ ಯಾವ ತರಗತಿಯೂ ನಡೆಯುವಂತಿರಲಿಲ್ಲ. ಬೇರೆ ಗತಿಯಿಲ್ಲದೆ ಇಡೀ ಕಾಲೇಜು ಬಂದು ಕುರ್ಚಿಗಳಲ್ಲಿ ಕೂತುಬಿಟ್ಟಿತು. ಇಪ್ಪತ್ತು ಜನಕ್ಕೆಂದು ಸಿದ್ಧವಾಗಿದ್ದ ಭಾಷಣ ಆ ಜನಸಾಗರ ನೋಡಿದೊಡನೆ ಮೇಷ್ಟ್ರಿಗೆ ಮರೆತುಹೋಯಿತು. ಮೊದಲ ವಾಕ್ಯವೇ ನೆನಪಾಗಲಿಲ್ಲ.

ಮುಂದಿನ ಸಾಲಿನಲ್ಲಿ ದಪ್ಪ ಕನ್ನಡಕದ ಹುಡುಗಿಯೊಬ್ಬಳು ಕೈಯೆತ್ತಿದಳು. "ಸರ್, ಇಷ್ಟೊಂದು ಕುರ್ಚಿ ಯಾಕೆ ಬಂದ್ವು?"

ಸಭೆ ಗೊಳ್ಳೆಂದು ನಕ್ಕಿತು. ಮೇಷ್ಟ್ರು ತಬ್ಬಿಬ್ಬಾಗಿ ಗುಮಾಸ್ತೆಯನ್ನು ಕೇಳಿದರು, ಅವನು ಉಪಪ್ರಾಂಶುಪಾಲರ ಕಡೆ ಬೆರಳು ಮಾಡಿದ, ಅವರು ಲಾರಿಯ ಹತ್ತಿರ ನಿಂತಿದ್ದ ಅಂಗಡಿಯವನನ್ನು ಕರೆದರು. ಒಬ್ಬೊಬ್ಬರೂ ತಮ್ಮ ಲೆಕ್ಕ ಒಪ್ಪಿಸಿದಂತೆ ಮೇಷ್ಟ್ರ ಮುಖ ಅರಳತೊಡಗಿತು.

"ಇದೇ ಕಣ್ರಯ್ಯಾ!" ಎಂದು ಮೇಜು ಗುದ್ದಿದರು. "ಬೇಕಾಗಿದ್ದು ಇಪ್ಪತ್ತು. ನಾನು ಇರಲಿ ಅಂತ ಸೇರಿಸ್ದೆ, ಅವ್ರು ಇರಲಿ ಅಂತ ಸೇರಿಸಿದ್ರು. ಯಾರೂ ಕಳ್ಳರಲ್ಲ, ಯಾರೂ ದಡ್ಡರಲ್ಲ. ಒಬ್ಬರಿಗೊಬ್ಬರು ನಿಜ ಹೇಳ್ಲಿಲ್ಲ ಅಷ್ಟೆ. ಕಂಪನಿಗಳು ಮುಳುಗೋದು ಹೀಗೇ. ಇದನ್ನ ತಡೆಯೋದು ಹೇಗೆ ಅಂತ ಕಲಿಸೋದೇ ನನ್ನ ಕೋರ್ಸು!"

ಚಪ್ಪಾಳೆ ಬಿತ್ತು. ಮೇಷ್ಟ್ರಿಗೆ ಉತ್ಸಾಹ ಉಕ್ಕಿತು. ಉಗ್ರಾಣ, ಸಾಗಣೆ, ಖರೀದಿ ಎಲ್ಲವನ್ನೂ ಕುರ್ಚಿ ಎತ್ತಿಟ್ಟೇ ತೋರಿಸಿದರು. ಕೊನೆಗೆ, "ಒಂದು ಮಾತು ನೆನಪಿಡಿ. ಒಬ್ಬನೇ ಪೂರೈಕೆದಾರನನ್ನ ನಂಬ್ಕೊಂಡು ಕೂರಬೇಡಿ. ಯಾವಾಗ್ಲೂ ಇನ್ನೊಂದು ಕಡೆ ಹೇಳಿಟ್ಟಿರಿ" ಎಂದು ಮುಗಿಸಿದರು.

ಹೆಸರು ಕೊಡಲು ಗುಮಾಸ್ತೆಯ ಕಿಟಕಿಯ ಮುಂದೆ ಸಾಲು ನಿಂತಿತು. ಹದಿನೈದು ಯಾವಾಗ ದಾಟಿತೋ ಗೊತ್ತಾಗಲೇ ಇಲ್ಲ, ನೂರರ ಹತ್ತಿರ ಹೋಯಿತು. ಮೇಷ್ಟ್ರು ಹೆಂಡತಿಗೆ ಫೋನ್ ಮಾಡಿ, "ಪರದೆ ಯಾವ ಬಣ್ಣದ್ದಾದ್ರೂ ತಗೋ!" ಎಂದರು. ಖುಷಿಗೆ ಕಣ್ಣು ಒದ್ದೆಯಾಗಿತ್ತು.

ಸಂಜೆ ಪ್ರಾಂಶುಪಾಲರ ಕೋಣೆಗೆ ಹೋದರೆ ಅಲ್ಲಿ ಬ್ಯಾಂಕಿಂಗ್ ಮೇಷ್ಟ್ರು ಅಷ್ಟೇ ಖುಷಿಯಿಂದ ಕೂತಿದ್ದರು. ಅವರ ಹೊಸ ಕೋರ್ಸಿಗೂ ನೂರು ಜನವಂತೆ. ಜಾಹೀರಾತಿನ ಕೋರ್ಸಿನ ಮೇಡಂಗೂ ನೂರು.

"ಇವರೆಲ್ಲ ಎಲ್ಲಿಂದ ಬಂದ್ರು? ನನಗೇನೂ ಅರ್ಥವಾಗ್ತಿಲ್ಲ" ಎಂದು ಪ್ರಾಂಶುಪಾಲರು ತಲೆ ಕೆರೆದುಕೊಂಡು ದಪ್ಪ ಕನ್ನಡಕದ ಹುಡುಗಿಯನ್ನು ಒಳಗೆ ಕರೆದರು. "ನೀನು ಹೆಸರು ಕೊಟ್ಟಿದ್ದು ಯಾವ ಕೋರ್ಸಿಗಮ್ಮ?"

"ಮೂರಕ್ಕೂ ಸರ್. ಎಲ್ರೂ ಹಾಗೇ ಮಾಡಿದ್ವಿ. ಒಂದೇ ಕಡೆ ನಂಬ್ಕೋಬೇಡಿ, ಇನ್ನೊಂದು ಕಡೆ ಹೇಳಿಟ್ಟಿರಿ ಅಂತ ಸರ್ ಅವರೇ ಹೇಳಿದ್ರಲ್ಲ."

ಮೇಷ್ಟ್ರು ಗೋಡೆಗೆ ಒರಗಿದರು. "ಹೋಗ್ಲಿ, ನಿಜವಾಗಿ ಸೇರೋದು ಯಾವುದಕ್ಕಮ್ಮ?"

"ಬ್ಯಾಂಕಿಂಗ್‌ಗೆ ಸರ್."

"ನನ್ನ ಪಾಠ ಚೆನ್ನಾಗಿರ್ಲಿಲ್ವಾ?"

"ಅಯ್ಯೋ, ತುಂಬಾ ಚೆನ್ನಾಗಿತ್ತು ಸರ್!" ಹುಡುಗಿಯ ದನಿಯಲ್ಲಿ ನಿಜವಾದ ಭಕ್ತಿಯಿತ್ತು. "ಒಂದೇ ಮಧ್ಯಾಹ್ನದಲ್ಲಿ ಎಲ್ಲಾ ಅರ್ಥ ಆಗೋಯ್ತು. ಇನ್ನು ಎರಡು ವರ್ಷ ಓದೋಕೆ ಏನಿದೆ ಅಂತ ಎಲ್ರೂ ಮಾತಾಡ್ಕೊಂಡ್ವಿ."

ಬ್ಯಾಂಕಿಂಗ್ ಮೇಷ್ಟ್ರು ಕಿಟಕಿಯ ಕಡೆ ತಿರುಗಿ ಕೆಮ್ಮಿದರು. ಪ್ರಾಂಶುಪಾಲರು ಎದ್ದು ಬಂದು ಸರಪಳಿ ಮೇಷ್ಟ್ರ ಭುಜ ತಟ್ಟಿದರು. "ಬೇಜಾರು ಮಾಡ್ಕೋಬೇಡಿ. ವಾರ್ಡನ್ ಕೋಣೇಲಿ ಕೂರೋಕೆ ಏನೂ ಇಲ್ಲ. ನಿಮಗೋಸ್ಕರ ಒಂದು ಕುರ್ಚಿ ಕಳಿಸೋಕೆ ಗುಮಾಸ್ತೆಗೆ ಹೇಳ್ತೀನಿ."

ದೀಪ ಹಚ್ಚುವ ಹೊತ್ತಿಗೆ ಮೇಷ್ಟ್ರು ಚೀಲ ಹಿಡಿದು ಹಾಸ್ಟೆಲ್ ತಲುಪಿದರು. ವಾರ್ಡನ್ ಕೋಣೆಯ ಬಾಗಿಲು ತಳ್ಳಿದರು. ಗೇಣಗಲ ತೆರೆದು ಅಲ್ಲೇ ನಿಂತಿತು. ಸಂದಿಯಿಂದ ಇಣುಕಿದರೆ ಒಳಗೆಲ್ಲ ಕೆಂಪು ಪ್ಲಾಸ್ಟಿಕ್.

ಅಷ್ಟರಲ್ಲಿ ಫೋನ್ ಬಂತು. ಹೆಂಡತಿ ವಾರ್ಡನ್ ಕೆಲಸದ ಮುನಿಸು ಮರೆತು, "ತಲುಪಿದ್ರಾ? ಸುಸ್ತಾಗಿರುತ್ತೆ, ಸ್ವಲ್ಪ ಕೂತ್ಕೊಳ್ಳಿ" ಎಂದಳು.

"ಎಲ್ಲಿ ಕೂರ್ಲೇ?" ಎಂದರು ಮೇಷ್ಟ್ರು. "ಕುರ್ಚಿ ಬಿಟ್ಟು ಬೇರೆ ಏನಕ್ಕೂ ಇಲ್ಲಿ ಜಾಗ ಇಲ್ಲ."