ಕಿಟ್ಟಿಯ ಬಾಯಿ, ಕ್ಲೆಮ್‌ನ ಮೊಣಕಾಲು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಮೊಣಕಾಲು. ಅದೂ ಕಿಟ್ಟಿಯದಲ್ಲ.

ಕಿಟ್ಟಿ ಮೆಲ್ಬರ್ನಿನ ಒಂದು ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆಯುವವನು. ಮೈಸೂರಿನಲ್ಲಿದ್ದಾಗಲೂ ಇದೇ ಕೆಲಸ ಮಾಡಿದವನು. ದಾರಿಯಲ್ಲಿ ಯಾರಾದರೂ ಎದುರಾದರೆ ಅವನಿಗೆ ಹೆಸರು ನೆನಪಾಗದಿದ್ದರೂ ಮುರಿದ ಮೂಳೆ ಮಾತ್ರ ತಟ್ಟನೆ ನೆನಪಾಗುತ್ತಿತ್ತು. ಹೆಂಡತಿ ಪದ್ಮಿನಿ, ಹತ್ತು ವರ್ಷದ ಮಗಳು ಮಾಯಾ, ಗ್ಲೆನ್ ವೇವರ್ಲಿಯಲ್ಲೊಂದು ಇಟ್ಟಿಗೆ ಮನೆ. ಇಷ್ಟರಲ್ಲಿ ಅವನು ಸುಖವಾಗಿದ್ದ. ೧೯೯೨ರ ಜುಲೈನ ಒಂದು ಬುಧವಾರ, ಕ್ಲಿನಿಕ್ಕಿನ ಮುಂಬಾಗಿಲು ತೆಗೆಯುವ ಮೊದಲೇ, ಹಿಂಬಾಗಿಲಿನಿಂದ ಕ್ಲೆಮ್ ಡಾರ್ಗನ್ ಒಳಗೆ ಬಂದ.

ಕ್ಲೆಮ್ ಡಾರ್ಗನ್ ಯಾರೆಂದು ಆಗ ಮೆಲ್ಬರ್ನಿನಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತಿತ್ತು. ಫುಟಿ ಎಂದು ಕರೆಯುವ ಅಲ್ಲಿಯ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಬೇಕಾದರೆ ಇನ್ನೊಬ್ಬನ ಭುಜ ಹತ್ತಿ ಹಿಡಿಯಬಹುದು. ಹಾಗೆ ಹತ್ತುವುದರಲ್ಲಿ ಕ್ಲೆಮ್‌ಗೆ ಸಮಾನರಿರಲಿಲ್ಲ. ಹದಿಮೂರು ವರ್ಷ ಒಂದೇ ಕ್ಲಬ್ಬಿಗೆ ಆಡಿದವನು, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ನದಿಯ ಆಚೆಯ ಇನ್ನೊಂದು ಕ್ಲಬ್ಬಿಗೆ ಹೋಗಿದ್ದ. ಹೋದ ದಿನದಿಂದ ಅವನ ಕೈಗೆ ಚೆಂಡು ಹತ್ತುತ್ತಿರಲಿಲ್ಲ. ಹಳೆಯ ಅಭಿಮಾನಿಗಳು ದ್ರೋಹಿ ಎಂದರು, ಹೊಸಬರು ದಂಡಪಿಂಡ ಎಂದರು. ಎರಡೂ ಕಡೆಯವರು ಒಟ್ಟಿಗೆ ಬೂ ಎಂದು ಕೂಗಿದರು.

ಫಿಲ್ಮ್ ತೊಳೆದು ದೀಪದ ಪೆಟ್ಟಿಗೆಗೆ ಏರಿಸಿದ ಕಿಟ್ಟಿ ಹಾಗೆಯೇ ನಿಂತುಬಿಟ್ಟ. ಎಡ ಮೊಣಕಾಲಿನಲ್ಲಿ ಎರಡು ಸ್ಕ್ರೂ, ಒಂದು ತಂತಿ. ಕೀಲಿನ ನಡುವೆ ಇರಬೇಕಾದ ಸಂದೇ ಇಲ್ಲ. ಬೀಸುವ ಕಲ್ಲಿನ ಹಾಗೆ ಮೂಳೆಯ ಮೇಲೆ ಮೂಳೆ ಕೂತಿತ್ತು. ಇಂಥ ಮೊಣಕಾಲಿದ್ದವರು ಮೈಸೂರಿನಲ್ಲಿ ಎರಡು ಮೆಟ್ಟಿಲು ಹತ್ತುವುದಕ್ಕೂ ಆಳು ಕರೆಯುತ್ತಿದ್ದರು. ಈ ಮನುಷ್ಯ ಪ್ರತಿ ಶನಿವಾರ ಇನ್ನೊಬ್ಬನ ಭುಜದಷ್ಟು ಎತ್ತರಕ್ಕೆ ಎಗರಲು ಹೋಗಿ, ಇದೇ ಕಾಲಿನ ಮೇಲೆ ನೆಲಕ್ಕೆ ಇಳಿಯುತ್ತಿದ್ದಾನೆ. ತನ್ನ ಕೈಗಳು ತಾವಾಗಿ ಕೂಡಿಕೊಂಡದ್ದು ಕಿಟ್ಟಿಗೆ ಆಮೇಲೆ ತಿಳಿಯಿತು. ದೇವರ ಮುಂದೆ ಕೂಡ ಅವನು ಅಷ್ಟು ಭಕ್ತಿಯಿಂದ ಕೈ ಮುಗಿದವನಲ್ಲ.

ಕ್ಲೆಮ್ ಪ್ಯಾಂಟು ಏರಿಸಿಕೊಳ್ಳುತ್ತ ಮಾತಾಡಿದ. ಅವನು ಆಡಿದ್ದು ಇಂಗ್ಲಿಷು, ಕಿಟ್ಟಿ ನೆನಪಿಟ್ಟುಕೊಂಡದ್ದು ಕನ್ನಡದಲ್ಲಿ.

"ನಿಮ್ಮವರು ಫುಟಿ ನೋಡ್ತಾರಾ?"

"ನೋಡ್ತಾರೆ ಸರ್. ನನ್ನ ಮಗಳಂತೂ ನಿಮ್ಮ ಹನ್ನೊಂದನೇ ನಂಬರಿನ ಅಂಗಿ ಹಾಕ್ಕೊಂಡೇ ಮಲಗೋದು."

"ಸ್ನೇಹಿತರು ಜಾಸ್ತಿನಾ? ಮಾತುಗಾರರಾ?"

ಇದು ಪರೀಕ್ಷೆ ಎಂದು ಕಿಟ್ಟಿಗೆ ಹೊಳೆಯಿತು. ಬಾಗಿಲಾಚೆ ಕ್ಲಬ್ಬಿನ ಮ್ಯಾನೇಜರ್ ಬೇರೆ ನಿಂತಿದ್ದ. ಈ ವಿಷಯ ಹೊರಗೆ ಬಂದರೆ ಯಾರ ಬಾಯಿಂದ ಬಂತೆಂದು ತನಗೆ ಗೊತ್ತಾಗುತ್ತದೆ ಎಂದು ಅವನು ಮೊದಲೇ ಹೇಳಿಟ್ಟಿದ್ದ. ಕಿಟ್ಟಿಯ ಕೆಲಸ ಖಾಯಂ ಆಗಲು ಇನ್ನೂ ಒಂದು ತಿಂಗಳಿತ್ತು. ಆದರೂ ಅವನು ಹೇಳಿದ್ದು ಕೆಲಸಕ್ಕೆ ಹೆದರಿ ಅಲ್ಲ, ಆ ಮೊಣಕಾಲಿನ ಮೇಲಿನ ಗೌರವದಿಂದ.

"ಈ ರೂಮಿಂದ ಒಂದು ಮಾತೂ ಹೊರಗೆ ಹೋಗಲ್ಲ ಸರ್. ನನ್ನ ಮಗಳ ಮೇಲಾಣೆ," ಎಂದು ಎದೆಯ ಮೇಲೆ ಕೈಯಿಟ್ಟ.

"ಒಂದೂ ಹೋಗಲ್ವಾ?"

"ಒಂದೂ ಇಲ್ಲ."

ಕಾಲು ನೋಯುತ್ತಿತ್ತೋ ಏನೋ, ಕ್ಲೆಮ್ ದೊಡ್ಡದಾಗಿ ನಿಟ್ಟುಸಿರು ಬಿಟ್ಟು ಕುಂಟುತ್ತ ಹೊರಟುಹೋದ.

ಇದಾದ ಹತ್ತನೆಯ ದಿನ, ಶನಿವಾರ ಬೆಳಿಗ್ಗೆ, ಮಾಯಾ ಅಡುಗೆಮನೆಗೆ ಬಂದು ಕೇಳಿದಳು, "ಡ್ಯಾಡ್, ವೇರ್ ಆರ್ ದ ಸಿಸರ್ಸ್?"

"ಯಾಕೆ ಪುಟ್ಟಿ?"

ಅವಳು ಅಂಗಿಯ ಬೆನ್ನು ತಿರುಗಿಸಿ ತೋರಿಸಿದಳು. ಪದ್ಮಿನಿ ಎರಡು ಸಂಜೆ ಕೂತು ಹೊಲಿದ ಹನ್ನೊಂದು ಅಲ್ಲಿತ್ತು. ಇವತ್ತೂ ಕ್ಲೆಮ್ ಸುಮ್ಮನೆ ನಿಂತರೆ ಅದನ್ನು ಕಿತ್ತು ಹಾಕುತ್ತಾಳಂತೆ. ಅವನಿಗೆ ಮನಸ್ಸಿಲ್ಲ, ಹಣಕ್ಕೆ ಹೋದವನು ಎಂದು ಸ್ಕೂಲಿನಲ್ಲಿ ಎಲ್ಲರೂ ಹೇಳುತ್ತಾರಂತೆ. ಒಂದೇ ಒಂದು ಮಾತು ಹೇಳಿದ್ದರೆ ಮಗು ಮತ್ತೆ ನಗುತ್ತಿತ್ತು. ಆದರೆ ಆಣೆ ಇದ್ದದ್ದು ಆ ಮಗುವಿನ ಮೇಲೆಯೇ. ಕಿಟ್ಟಿ ಕತ್ತರಿಯನ್ನು ತೆಗೆದು ಅಕ್ಕಿಯ ಡಬ್ಬದೊಳಗೆ ಹುಗಿದಿಟ್ಟ.

ಹನ್ನೆರಡಕ್ಕೆ ಗಣೇಶನ ಹಬ್ಬದ ಕಮಿಟಿ ಮೀಟಿಂಗಿಗೆ ಜನ ಬಂದರು. ರುಡೊಲ್ಫ್ ಬಂದ. ಅವನು ಮಂಗಳೂರಿನವನು, ಗ್ಲೆನ್ ವೇವರ್ಲಿ ರೈಲಿನ ಗಾರ್ಡ್. ತನ್ನ ದೇವರು ಬೇರೆಯಾದರೂ ಗಣೇಶನ ಊಟದ ಉಸ್ತುವಾರಿ ಪ್ರತಿ ವರ್ಷ ಅವನದೇ. ಸಿಡ್ನಿಯ ಬ್ಲ್ಯಾಕ್‌ಟೌನಿನಿಂದ ತಂಗಿಯ ಮನೆಗೆ ಬಂದಿದ್ದ ಗಣಿತದ ಪ್ರೊಫೆಸರ್ ನಾರಾಯಣ ಬಂದರು. ಎರಡು ಮನೆಯಾಚೆಯ ಅನಸೂಯಾ ಆಂಟಿ ತಮ್ಮ ಮೊಣಕಾಲಿನ ಎಕ್ಸ್‌ರೇ ಫಿಲ್ಮನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದರು. ಕಿಟ್ಟಿಯ ಮನೆಗೆ ಬರುವವರು ಹೂವು ಹಣ್ಣು ಮರೆತರೂ ಫಿಲ್ಮ್ ಮರೆಯುತ್ತಿರಲಿಲ್ಲ.

ಗಣೇಶನ ಮಾತು ಐದು ನಿಮಿಷಕ್ಕೆ ಮುಗಿಯಿತು. ಬಿಸಿಬೇಳೆ ಬಾತ್ ಬಡಿಸುವ ಹೊತ್ತಿಗೆ ಎಲ್ಲರೂ ಕ್ಲೆಮ್ ಡಾರ್ಗನ್‌ನ ವಿಷಯಕ್ಕೆ ಬಂದಿದ್ದರು.

"ಅವನಿಗೆ ಆಡುವ ಮನಸ್ಸೇ ಇಲ್ಲ ಮಾರಾಯ್ರೆ," ಎಂದ ರುಡೊಲ್ಫ್. "ನಾನು ದಿನಾ ರೈಲಿನಲ್ಲಿ ಕೇಳ್ತೇನಲ್ಲ. ಇಡೀ ಬೋಗಿಯಲ್ಲಿ ಎರಡು ಅಭಿಪ್ರಾಯ ಇಲ್ಲ."

"ವಯಸ್ಸಿನ ಗ್ರಾಫ್ ಹಾಕಿ ನೋಡಿ," ಎಂದರು ನಾರಾಯಣ. "ಮೂವತ್ತೆರಡಕ್ಕೆ ಇಳಿಯೋಕೆ ಶುರು. ಅಲ್ಲದೆ ನಮ್ಮ ಸಿಡ್ನಿಯಲ್ಲಿ ಇದನ್ನ ಫುಟ್‌ಬಾಲ್ ಅನ್ನೋದೇ ಇಲ್ಲ. ಏರೋಬಿಕ್ಸ್ ಅಂತೀವಿ."

"ಆಷಾಢದಲ್ಲಿ ಕ್ಲಬ್ ಬದಲಾಯಿಸಿರ್ತಾನೆ," ಎಂದರು ಅನಸೂಯಾ ಆಂಟಿ.

"ನವೆಂಬರಲ್ಲಿ ಹೋದದ್ದು ಆಂಟಿ," ಎಂದ ರುಡೊಲ್ಫ್.

"ಹಾಗಾದ್ರೆ ಅವತ್ತು ಅಮಾವಾಸ್ಯೆ ಇದ್ದಿರ್ಬೇಕು."

ಕಿಟ್ಟಿ ತಲೆ ಬಗ್ಗಿಸಿ ತಿನ್ನುತ್ತಿದ್ದ. ರುಡೊಲ್ಫ್ ಬಿಡಲಿಲ್ಲ. "ಸೋಮಾರಿ ಮಾರಾಯ್ರೆ. ಮೊದಲು ಎಡಗಾಲು ಊರಿ ಎಗರ್ತಿದ್ದ. ಈಗ ಆ ಕಾಲು ನೆಲ ಬಿಟ್ಟು ಏಳುವುದೇ ಇಲ್ಲ."

"ಎಡಗಾಲಲ್ಲಿ ಹೇಗ್ರೀ ಎಗರ್ತಾನೆ, ಪಾಪ—" ಎಂದ ಕಿಟ್ಟಿ, ಅಷ್ಟಕ್ಕೇ ನಿಲ್ಲಿಸಿ ಹೊಗೆಯಾಡುವ ಒಂದು ದೊಡ್ಡ ತುತ್ತನ್ನು ಬಾಯಿಗೆ ತುಂಬಿಕೊಂಡ. ನಾಲಿಗೆ ಸುಟ್ಟು ಕಣ್ಣಲ್ಲಿ ನೀರು ಬಂತು.

"ಯಾಕೆ ಎಗರಬಾರದು?"

"ಅಂದ್ರೆ... ಎಡಗಾಲು ಅಲ್ವಾ... ಯಾರಿಗಾದ್ರೂ ಕಷ್ಟವೇ."

ಎಲ್ಲರೂ ನಕ್ಕರು. "ಕಿಟ್ಟಿಗೆ ಫುಟಿ ಬಗ್ಗೆ ಏನೂ ಗೊತ್ತಿಲ್ಲ, ಬಿಡಿ," ಎಂದರು ನಾರಾಯಣ. ಇಡೀ ಮೆಲ್ಬರ್ನಿನಲ್ಲಿ ಆ ಮೊಣಕಾಲಿನ ಗುಟ್ಟು ಗೊತ್ತಿದ್ದ ನಾಲ್ಕು ಜನರಲ್ಲಿ ಒಬ್ಬನಾದ ಕಿಟ್ಟಿ ಮಜ್ಜಿಗೆ ಕುಡಿದು ಸುಮ್ಮನಾದ. ಮಾಯಾ ಮಾತ್ರ ಬಾಗಿಲಲ್ಲಿ ನಿಂತು ಒಂದೊಂದು ಮಾತನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಊಟವಾದ ಮೇಲೆ ಅನಸೂಯಾ ಆಂಟಿ ಫಿಲ್ಮನ್ನು ಕಿಟಕಿಗೆ ಹಿಡಿದರು. "ನೋಡಪ್ಪ, ನನ್ನ ಮೊಣಕಾಲು ಪೂರ್ತಿ ಹೋಗಿಬಿಟ್ಟಿದೆ."

ಆ ಫಿಲ್ಮ್ ಕಂಡದ್ದೇ ಕಿಟ್ಟಿಯೊಳಗೆ ಹತ್ತು ದಿನದಿಂದ ಕಟ್ಟಿಟ್ಟದ್ದು ಉಕ್ಕಿ ಬಂತು. "ಆಂಟಿ, ನಿಮ್ಮದು ಚಿನ್ನದಂಥ ಮೊಣಕಾಲು. ನಾನು ಒಂದು ಮೊಣಕಾಲು ನೋಡಿದೀನಿ. ಎರಡು ಸ್ಕ್ರೂ, ಒಂದು ತಂತಿ, ಮೂಳೆಗೆ ಮೂಳೆ ತಿಕ್ಕತ್ತೆ. ಆದ್ರೂ ಒಂದು ದಿನ ಅಯ್ಯೋ ಅಂದಿಲ್ಲ. ಜನ ಏನೇನೋ ಆಡ್ಕೋತಾರೆ. ತಿರುಗಿ ಒಂದು ಮಾತು ಹೇಳಿಲ್ಲ. ಅಂಥವರೂ ಇದ್ದಾರೆ ಆಂಟಿ ಈ ಪ್ರಪಂಚದಲ್ಲಿ."

"ಯಾರಪ್ಪ ಅವರು?" ಎಂದರು ಆಂಟಿ.

ಕಿಟ್ಟಿ ಬೆವರಿದ. "ನಮ್ಮ ಸೋದರತ್ತೆ. ಪುಟ್ಟಮ್ಮ ಅಂತ."

"ನಿಮಗೆ ಸೋದರತ್ತೆ ಎಲ್ಲಿದ್ದಾರೆ?" ಎಂದು ಅಡುಗೆಮನೆಯಿಂದ ಪದ್ಮಿನಿಯ ದನಿ ಬಂತು.

"ದೂರದವರು. ನಿನಗೆ ಗೊತ್ತಿಲ್ಲ."

"ಅಷ್ಟಾದ್ರೂ ಓಡಾಡ್ತಾರಾ ಪಾಪ?"

"ಓಡಾಡೋದೇನು ಆಂಟಿ, ಪ್ರತಿ ಶನಿವಾರ ಎಗರ್ತಾರೆ."

"ಎಗರ್ತಾರಾ?"

"ಅಂದ್ರೆ, ಬೇಲಿ. ಹಿತ್ತಲಿಗೆ ಹೋಗೋಕೆ ಬೇಲಿ ದಾಟಬೇಕು." ಹೇಳುತ್ತ ಹೇಳುತ್ತ ಕಿಟ್ಟಿ ಬೇಲಿಯ ಎತ್ತರವನ್ನು ಕೈಯೆತ್ತಿ ತೋರಿಸಿದ. ಅನಸೂಯಾ ಆಂಟಿ ಸೆರಗಿನಿಂದ ಕಣ್ಣೊರೆಸಿಕೊಂಡು, ಎದ್ದು ಮನೆಗೆ ಹೋಗಿ, ಊರಿನಿಂದ ತರಿಸಿದ್ದ ನೋವಿನ ತೈಲದ ಒಂದು ಬಾಟಲಿ ತಂದು ಮೇಜಿನ ಮೇಲಿಟ್ಟರು. "ಇದನ್ನ ಪುಟ್ಟಮ್ಮನೋರಿಗೆ ಕಳಿಸು. ಆ ತಾಯಿ ಮುಂದೆ ನನ್ನದೇನು ನೋವು." ಪದ್ಮಿನಿ ಸೌಟು ಹಿಡಿದು ಬಾಗಿಲಲ್ಲಿ ನಿಂತು ಗಂಡನನ್ನೇ ನೋಡುತ್ತಿದ್ದಳು.

ಎರಡು ಗಂಟೆಗೆ ಎಲ್ಲರೂ ರೇಡಿಯೋ ಸುತ್ತ ಕೂತರು. ಕ್ಲೆಮ್ ಮೊದಲ ಚೆಂಡನ್ನು ಬಿಟ್ಟ, ಎರಡನೆಯದನ್ನೂ ಬಿಟ್ಟ. ನಲವತ್ತು ಸಾವಿರ ಜನ ಕೂಗುವ ಸದ್ದು ಗ್ಲೆನ್ ವೇವರ್ಲಿಯ ಆ ಪುಟ್ಟ ಕೋಣೆಯನ್ನು ತುಂಬಿತು. ರುಡೊಲ್ಫ್ ತಾನೂ ಒಂದು ಬೂ ಸೇರಿಸಿದ. ಕೊನೆಯ ನಿಮಿಷದಲ್ಲಿ, ತಂಡ ಮೂರು ಪಾಯಿಂಟ್ ಹಿಂದಿದ್ದಾಗ, ಕ್ಲೆಮ್ ಎಗರಿದ. ಕಾಮೆಂಟರಿ ಹೇಳುವವನ ದನಿಯೇ ಕಟ್ಟಿಹೋಯಿತು. ಹತ್ತು ವರ್ಷದ ಹಿಂದಿನ ಹಾಗೆ, ಇಬ್ಬರ ತಲೆಯ ಮೇಲಿಂದ, ಚೆಂಡು ಅವನ ಕೈಯಲ್ಲಿತ್ತು. ಬೂ ಎನ್ನುತ್ತಿದ್ದ ನಲವತ್ತು ಸಾವಿರ ಬಾಯಿಗಳು ಒಂದು ಕ್ಷಣ ಸುಮ್ಮನಾದವು. ಕಿಟ್ಟಿಯ ರೋಮ ನಿಮಿರಿ ನಿಂತಿತು.

"ಯಾವ ಕಾಲ ಮೇಲೆ ಇಳಿದ?" ಎಂದು ಅವನು ಎದ್ದು ನಿಂತು ಕೇಳಿದ.

"ಯಾವ ಕಾಲಾದ್ರೆ ನಿಮಗೇನು ಮಾರಾಯ್ರೆ, ಕೂತ್ಕೊಳ್ಳಿ."

ಕ್ಲೆಮ್ ಗೋಲಿಗೆ ಒದ್ದ ಚೆಂಡು ಕಂಬಕ್ಕೆ ಬಡಿಯಿತು. ಆರು ಪಾಯಿಂಟ್ ಸಿಗಬೇಕಾದಲ್ಲಿ ಒಂದು ಸಿಕ್ಕಿತು. ಎರಡು ಪಾಯಿಂಟಿನಿಂದ ತಂಡ ಸೋತಿತು. ಮತ್ತೆ ಬೂ ಶುರುವಾಯಿತು. ಮಾಯಾ ಸದ್ದಿಲ್ಲದೆ ಬಚ್ಚಲಿಗೆ ಹೋಗಿ ಕಿಟ್ಟಿ ಮೀಸೆ ಕತ್ತರಿಸುವ ಪುಟ್ಟ ಕತ್ತರಿ ತಂದಳು. ಎಲ್ಲರೆದುರು ಕೂತು ಹನ್ನೊಂದರ ಎರಡು ಅಂಕಿಗಳಲ್ಲಿ ಒಂದನ್ನು ಕಿತ್ತು ನೆಲಕ್ಕೆ ಹಾಕಿದಳು. ಇನ್ನೊಂದನ್ನು ಕೀಳುವಾಗ ಅಳು ಬಂದು ನಿಲ್ಲಿಸಿದಳು. ಕಿಟ್ಟಿ ನೆಲದ ಮೇಲೆ ಬಿದ್ದ ಆ ಬಟ್ಟೆಯ ತುಂಡನ್ನು ಎತ್ತಿ ಜೇಬಿನಲ್ಲಿಟ್ಟುಕೊಂಡ. ಮಾತಾಡಲಿಲ್ಲ. ಅಷ್ಟು ಕಷ್ಟದ ಕೆಲಸವನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ.

ಆರೂವರೆಯ ಟಿವಿ ವಾರ್ತೆಯ ಹೊತ್ತಿಗೆ ಕಾಫಿ ಎರಡನೆಯ ಸುತ್ತು ಬಂದಿತ್ತು. ಪರದೆಯ ಮೇಲೆ ಕ್ಲೆಮ್ ಡಾರ್ಗನ್ ಕೂತಿದ್ದ. ಕೈಯಲ್ಲೊಂದು ಎಕ್ಸ್‌ರೇ ಫಿಲ್ಮ್. ತಾನು ಇವತ್ತಿಗೆ ಆಟ ಬಿಟ್ಟೆ ಎಂದು ಹೇಳಿ, ಫಿಲ್ಮನ್ನು ದೀಪಕ್ಕೆ ಹಿಡಿದ. ಎರಡು ಸ್ಕ್ರೂ, ಒಂದು ತಂತಿ.

ರುಡೊಲ್ಫ್ ಕಪ್ಪನ್ನು ಕೆಳಗಿಟ್ಟ. ನಾರಾಯಣ ಕನ್ನಡಕ ಏರಿಸಿದರು. "ಈ ಕಾಲಲ್ಲಿ ಆಡಿದನಾ?" ಎಂದು ಯಾರೋ ಪಿಸುಗುಟ್ಟಿದರು. ಕಿಟ್ಟಿಯ ಎದೆ ಉಬ್ಬಿತು. ತನ್ನ ಬಾಯಿಂದಲ್ಲ, ಅವನ ಬಾಯಿಂದಲೇ ಬಂತು. ಆಣೆ ಉಳಿಯಿತು.

ಕ್ಲೆಮ್ ಮುಂದುವರಿಸಿದ. "ಕ್ಲಬ್ಬಿಗೆ ಬರೆದುಕೊಟ್ಟಿದ್ದೆ, ಆಡುವಷ್ಟು ದಿನ ನಾನು ಇದನ್ನು ಹೇಳುವ ಹಾಗಿರಲಿಲ್ಲ. ಬೇರೆ ಯಾರಾದರೂ ಹೇಳಿಬಿಟ್ಟರೆ ಬದುಕಿದೆ ಅಂದುಕೊಂಡಿದ್ದೆ. ಈ ಫಿಲ್ಮ್ ತೆಗೆದವನು ಒಬ್ಬ ಇಂಡಿಯನ್. ಬೇಕೆಂದೇ ಕೇಳಿದೆ, ಸ್ನೇಹಿತರು ಜಾಸ್ತಿನಾ, ಮಾತುಗಾರರಾ ಅಂತ. ಸಂಜೆಯೊಳಗೆ ಊರಿಗೆಲ್ಲ ಹರಡುತ್ತದೆ, ಈ ಬೂ ನಿಲ್ಲುತ್ತದೆ ಅಂತ ಆಸೆ. ಆ ಪುಣ್ಯಾತ್ಮ ಎದೆ ಮೇಲೆ ಕೈಯಿಟ್ಟು ಮಗಳ ಮೇಲೆ ಆಣೆ ಇಟ್ಟ. ಹತ್ತು ದಿನ ಪೇಪರ್ ನೋಡಿದೆ. ಒಂದು ಸಾಲಿಲ್ಲ. ಅಂಥ ಮನುಷ್ಯನನ್ನು ನಾನು ಎಲ್ಲೂ ಕಂಡಿಲ್ಲ." ಸ್ವಲ್ಪ ತಡೆದು ಹೇಳಿದ, "ಸಿಕ್ಕಿದರೆ ಕತ್ತು ಹಿಸುಕುತ್ತೇನೆ."

ಪತ್ರಕರ್ತರೆಲ್ಲ ನಕ್ಕರು. ಕಿಟ್ಟಿಯ ಮನೆಯಲ್ಲಿ ಯಾರೂ ನಗಲಿಲ್ಲ.

"ನಿಮ್ಮ ಕ್ಲಿನಿಕ್ಕಿನಲ್ಲಿ ಇಂಡಿಯನ್ಸ್ ಎಷ್ಟು ಜನ ಮಾರಾಯ್ರೆ?" ಎಂದ ರುಡೊಲ್ಫ್.

"ಒಬ್ಬನೇ."

"ಹತ್ತು ದಿನ. ದಿನಾ ನನ್ನ ರೈಲಿನಲ್ಲೇ ಬರ್ತೀರಿ. ನನಗೆ ಹೇಳಿದ್ದಿದ್ದರೆ ಆ ಮನುಷ್ಯ ಬಚಾವಾಗ್ತಿದ್ದ." ಅವನ ದನಿಯಲ್ಲಿ ನಿಜವಾದ ನೋವಿತ್ತು. ನಾರಾಯಣ ಎದ್ದು ಶೂ ಹುಡುಕತೊಡಗಿದರು.

ಮಾಯಾ ಅಪ್ಪನ ಮುಂದೆ ಬಂದು ನಿಂತಳು. "ಹೀ ವಾಂಟೆಡ್ ಯು ಟು ಟೆಲ್, ಡ್ಯಾಡ್." ಕಿಟ್ಟಿ ಜೇಬಿನಿಂದ ಬಟ್ಟೆಯ ಆ ಅಂಕಿಯನ್ನು ತೆಗೆದು ಕೊಟ್ಟ. ಅವಳು ಅದನ್ನು ಎದೆಗೆ ಒತ್ತಿಕೊಂಡಳು. "ಐ ಕಟ್ ಹಿಮ್ ಆಫ್," ಎಂದು ಬಿಕ್ಕಿದಳು.

ಪದ್ಮಿನಿಯ ಕೈಯಲ್ಲಿ ಮತ್ತೆ ಸೌಟಿತ್ತು. "ಯಾರದೋ ಮೊಣಕಾಲಿಗೆ ನನ್ನ ಮಗಳ ಮೇಲೆ ಆಣೆ ಇಟ್ರಾ?"

"ಇನ್ಯಾರ ಮೇಲೆ ಇಡ್ಲಿ ಪದ್ಮಿನಿ?"

"ನಿಮ್ಮ ಸೋದರತ್ತೆ ಇದ್ರಲ್ಲ, ಬೇಲಿ ಎಗರೋರು. ಅವರ ಮೇಲೆ ಇಡಬೇಕಿತ್ತು."

ಪಾಪ ಅನಸೂಯಾ ಆಂಟಿಗೆ ಮಾತ್ರ ಇನ್ನೂ ಅರ್ಥವಾಗಿರಲಿಲ್ಲ. ಹೊರಡುವ ಮುನ್ನ ತೈಲದ ಬಾಟಲಿಯನ್ನು ಕಿಟ್ಟಿಯ ಕೈಗಿಟ್ಟು, "ಈ ಗಲಾಟೆಯಲ್ಲಿ ಪುಟ್ಟಮ್ಮನೋರನ್ನ ಮರೀಬೇಡ. ಕಳಿಸ್ತೀಯಲ್ವಾ?" ಎಂದರು.

"ನಾಳೇನೇ ಕಳಿಸ್ತೀನಿ ಆಂಟಿ," ಎಂದ ಕಿಟ್ಟಿ. ಕೈ ಎದೆಯ ಮೇಲೆ ಹೋಗಿತ್ತು. "ನನ್ನ ಮಗಳ ಮೇಲಾ—"

ಪದ್ಮಿನಿ ತಿರುಗಿ ನೋಡಿದಳು. ಕಿಟ್ಟಿ ಬಾಯಿ ಮುಚ್ಚಿಕೊಂಡ. ಹತ್ತು ದಿನದಿಂದ ಅದೊಂದೇ ಕೆಲಸ ಅವನಿಗೆ ಚೆನ್ನಾಗಿ ರೂಢಿಯಾಗಿತ್ತು.